ಕೂಲರ್ ನಿಂತ ಸಂಜೆಯ ಪ್ರಾರ್ಥನೆ

೧೯೮೯ರಲ್ಲಿ ನಾನು ಶಾಲೆ ಬಿಟ್ಟೆ. ಒಂಬತ್ತನೆಯ ಇಯತ್ತೆ. ನಾನು ಬಿಟ್ಟದ್ದಲ್ಲ, ಶಾಲೆಯೇ ನನ್ನನ್ನು ಬಿಟ್ಟಿತು ಎಂದು ನನ್ನ ಹೆಂಡತಿ ಸುಗುಣಾ ತಿದ್ದುವುದುಂಟು. ಮದುವೆಗೆ ಮುಂಚೆ ಸಂಡೇಸ್ಕೂಲಿನಲ್ಲಿ ಕಲಿಸುತ್ತಿದ್ದವಳು, ಚಾಳಿ ಹೋಗಿಲ್ಲ. ಓದು ತಲೆಗೆ ಹತ್ತದಿದ್ದರೂ ಕೆಲಸ ಕೈಗೆ ಹತ್ತಿತು. ಗದಗಿನಿಂದ ನಾಗಪುರಕ್ಕೆ ಬಂದು, ತಗಡು ಕತ್ತರಿಸುವುದರಿಂದ ಶುರುಮಾಡಿ, ಈಗ ಪ್ರತಾಪ ನಗರದಲ್ಲಿ ನನ್ನದೇ ಕೂಲರ್ ಅಂಗಡಿ ಇಟ್ಟಿದ್ದೇನೆ. ಜಂಬ ಅಂದುಕೊಳ್ಳಬೇಡಿ, ಅಂದುಕೊಂಡರೂ ಅಡ್ಡಿಯಿಲ್ಲ. ನಾನು ಕಟ್ಟಿದ ಕೂಲರಿನ ಮುಂದೆ ಕುಳಿತವನು ಮೇ ತಿಂಗಳಲ್ಲೂ ಚಾದರ ಕೇಳುತ್ತಾನೆ. ಸದ್ದು ಮಾತ್ರ ಸ್ವಲ್ಪ ಹೆಚ್ಚು. ಯಾರಾದರೂ ದೂರಿದರೆ, "ಗಾಳಿ ಬೇಕೋ, ಶಾಂತಿ ಬೇಕೋ?" ಎಂದು ಕೇಳುತ್ತೇನೆ. ನಾಗಪುರದಲ್ಲಿ ಈ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ.

ನಮ್ಮದು ಕ್ರೈಸ್ತ ಮನೆತನ. ಸಂಜೆ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ, ಅಜ್ಜನ ಕಾಲದಿಂದ ತಪ್ಪಿಲ್ಲ. ಮೊದಲು ಯಜಮಾನ ಎಂದು ನಾನು, ಆಮೇಲೆ ಸುಗುಣಾ, ಕೊನೆಗೆ ಕಾಲೇಜಿಗೆ ಹೋಗುವ ಮಗಳು ರೂತ್. ಬೇಸಿಗೆಯಲ್ಲಿ ಕೂಲರ್ ಬಂದ್ ಮಾಡಿ ಮೊಣಕಾಲೂರಿದರೆ ಭಕ್ತಿಗಿಂತ ಮೊದಲು ಬೆವರು ಇಳಿಯುತ್ತದೆ. ಆದ್ದರಿಂದ ಅದು ತನ್ನಷ್ಟಕ್ಕೆ ಗರ್ಜಿಸುತ್ತಿರುತ್ತದೆ, ನಾವು ನಮ್ಮಷ್ಟಕ್ಕೆ ಪ್ರಾರ್ಥಿಸುತ್ತಿರುತ್ತೇವೆ. ಒಬ್ಬರದು ಇನ್ನೊಬ್ಬರಿಗೆ ಕೇಳುವುದಿಲ್ಲ. ಒಂದು ಕಣ್ಣನ್ನು ಅರೆ ತೆರೆದಿಟ್ಟು, ತುಟಿ ನಿಂತದ್ದನ್ನು ನೋಡಿ ಉಳಿದವರು ಆಮೆನ್ ಅನ್ನಬೇಕು. ದೇವರಿಗೆ ಕೇಳಿದರೆ ಸಾಕಲ್ಲ, ಅದರಲ್ಲಿ ಮನೆಯವರದೇನು ಕೆಲಸ?

ಹೀಗೆ ಒಂದು ಶನಿವಾರ ಸಂಜೆ ನಾನು ಗಟ್ಟಿ ದನಿಯಲ್ಲಿ ನನ್ನ ಪಾಳಿ ನಡೆಸಿದ್ದೆ. ಬೀದಿಯ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಕೂಲರ್ ನಿಂತಿತು. ನಾನು ನಿಲ್ಲಲಿಲ್ಲ. ಗಪ್ಪೆಂದ ಆ ಓಣಿಯಲ್ಲಿ ನನ್ನ ದನಿಯೊಂದೇ ಮೊಳಗಿತು: "ತಂದೆಯೇ, ಈ ವರ್ಷ ಮಳೆ ಹದಿನೈದು ದಿನ ತಡವಾಗಿ ಬರಲಿ!"

ಪಕ್ಕದ ಮನೆಯವರಿಗೆ ಕನ್ನಡ ಬಾರದು. ಅದಕ್ಕಾಗಿ ಆ ಕ್ಷಣವೇ ದೇವರನ್ನು ಕೊಂಡಾಡಿದೆ. ಆದರೆ ನನ್ನ ಮನೆಯವರಿಗೆ ಬರುತ್ತದೆ.

"ಪಪ್ಪಾ, ಖರೇಚ್? ನಿಜಾನ?" ರೂತ್ ಕಣ್ಣು ಬಿಟ್ಟಳು. "ಇಡೀ ನಾಗಪುರ ಬೇಯಾಕತ್ತೈತಿ, ನೀವು ಇನ್ನಷ್ಟು ಬೆಂಕಿ ಹಚ್ಚು ಅಂತೀರಿ?"

"ಇದಕ್ಕ ನಾ ಇಷ್ಟು ವರ್ಷ ಆಮೆನ್ ಅಂದೀನಿ?" ಎಂದಳು ಸುಗುಣಾ. "ವಾಪಸ್ ತಗೊಳ್ಳಾಕ ಬರ್ತೈತೇನ್ರಿ?"

"ದಂಧೆ ಅಂದ್ಮ್ಯಾಲೆ ಕೇಳಬೇಕಾಗ್ತೈತಿ. ಮೀನುಗಾರರು ಮೀನು ಬೇಡೂದಿಲ್ಲೇನು?"

"ಆ ಮೀನುಗಾರರು ಬಲೆ ಬಿಟ್ಟು ಪ್ರಭುವಿನ ಹಿಂದ ಹೋದ್ರು. ನೀವು ನಟ್ಟು ತಿರುವೋ ಪಾನಾ ಬಿಡವಲ್ಲಿರಿ. ಸುಮ್ಮನ ಕಣ್ಣ ಮುಚ್ಚರಿ, ನಂದಿನ್ನೂ ಆಗಿಲ್ಲ."

ಮುಚ್ಚಿದೆ. ಮೇಣದ ಬತ್ತಿ ಹಚ್ಚಿಟ್ಟು ಆಕೆ ಪ್ರಾರ್ಥಿಸಿದಳು: "ತಂದೆಯೇ, ಐತವಾರ ಒಂದಿನ ಯಾರ ಕೂಲರೂ ಕೆಡದಂಗ ನೋಡ್ಕೋ. ಇವರು ಹೋಳಿ ಹುಣ್ಣಿವಿಗೆ ಹೋದವರು ಮಳಿ ಬಿದ್ದ ಮ್ಯಾಲೇ ಮನಿಗೆ ಬರೂದು. ನಮ್ಮ ಪಾಲಿಗೂ ಒಂದೀಟು ಇರ್ಲಿ." ಒಂದೇ ಮನೆಯಿಂದ ಒಂದೇ ದೇವರಿಗೆ ದಿನಾ ಸಂಜೆ ಎರಡು ಉಲ್ಟಾ ಅರ್ಜಿ! ಆತ ಏನೆಂದುಕೊಂಡಿದ್ದನೋ.

ಆಮೇಲೆ ರೂತ್, ಸಣ್ಣ ದನಿಯಲ್ಲಿ: "ಪ್ರಭೂ, ನಾಳೆ ಪಪ್ಪಾ ಬರ್ಲಿಲ್ಲಂದ್ರೂ ಹಾಡುವಾಗ ನನಗ ಅಳು ಬರಬಾರದು. ಬಸ್, ಇಷ್ಟ."

ಆಮೆನ್ ಅನ್ನುವುದನ್ನೂ ಮರೆತು, "ನಾಳೆ ಏನೈತಿ?" ಎಂದೆ.

"ಎಷ್ಟ ಸರ್ತಿ ಹೇಳ್ಯಾಳ!" ಸುಗುಣಾ ಅಂದಳು. "ಪ್ರತಿ ಸಲಾನೂ ಬರೋಬರ್ ಬರೋಬರ್ ಅಂತ ತಲಿ ಆಡಿಸೀರಿ."

ನಮ್ಮ ಚರ್ಚಿನ ಸಭೆಯ ಭಾನುವಾರದ ಆರಾಧನೆ ಮರಾಠಿಯಲ್ಲಿ. ಅಲ್ಲಿ ಈ ಹುಡುಗಿ ನಮ್ಮವ್ವ ಹಾಡುತ್ತಿದ್ದ ಒಂದು ಕನ್ನಡ ಕೀರ್ತನೆ ಹಾಡುವವಳಿದ್ದಳು. ಕನ್ನಡ ಓದಲು ಬಾರದೆ, ತಾಯಿಯ ಬಾಯಿಂದ ಕೇಳಿ ದೇವನಾಗರಿಯಲ್ಲಿ ಬರೆದುಕೊಂಡಿದ್ದಳಂತೆ. ಇಡೀ ಸಭೆಯಲ್ಲಿ ಆ ಹಾಡು ಅರ್ಥವಾಗುವವರು ಇಬ್ಬರೇ, ಅವಳ ತಾಯಿ ಮತ್ತು ನಾನು. ನಾನೋ, ಅದೇ ಹೊತ್ತಿಗೆ ಗಾಂಧಿಬಾಗಿನ ಬಟ್ಟೆ ಅಂಗಡಿಯ ಸೇಠಜಿಗೆ ಕೂಲರ್ ರಿಪೇರಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದೆ.

ಕರೆಂಟು ಬರಲೇ ಇಲ್ಲ. ಟಿವಿ ಮೂಕ, ಫೋನಿನ ಜೀವ ಹೋಗಿತ್ತು. ಮೂವರೂ ಬಾಗಿಲಲ್ಲಿ ಕುಳಿತೆವು. ಸದ್ದಿಲ್ಲದ ಕಡೆ ಕುಳಿತರೆ ಮನುಷ್ಯನಿಗೆ ತನ್ನ ಒಳಗಿನ ಖಟಖಟ ಕೇಳಿಸುತ್ತದೆ. ಮೆಕ್ಯಾನಿಕನಾದ ನನಗೆ ಗೊತ್ತಿರಬೇಕಿತ್ತು, ಕೆಟ್ಟದ್ದು ಎಲ್ಲಿ ಎಂದು ತಿಳಿಯಬೇಕಾದರೆ ಮೊದಲು ಯಂತ್ರ ನಿಲ್ಲಿಸಬೇಕು. ಪ್ರಾರ್ಥನೆ ಎಂದು ನಾನು ಮಾಡುತ್ತಿದ್ದುದು ದೇವರಿಗೆ ಆರ್ಡರ್ ಕೊಡುವ ಕೆಲಸ. ಆತನೂ ನನಗೇನಾದರೂ ಹೇಳುತ್ತಿದ್ದನೋ ಏನೋ, ಆ ಗದ್ದಲದಲ್ಲಿ ಕೇಳಿಸಿರಲಿಕ್ಕಿಲ್ಲ. ಲೋಕವನ್ನೇ ಕಟ್ಟಿದವನು ಏಳನೆಯ ದಿನ ಕೆಲಸ ಬಿಟ್ಟು ಕುಳಿತ. ತಗಡಿನ ಪೆಟ್ಟಿಗೆ ಕಟ್ಟುವ ನನಗೆ ಬಿಡುವಿರಲಿಲ್ಲ. ನಾನು ಹೋಗದಿದ್ದರೆ ಗಾಂಧಿಬಾಗ್ ಹೊತ್ತಿ ಉರಿದೀತು ಎಂದು ಬಲವಾಗಿ ನಂಬಿದ್ದೆ. ಆ ನಂಬಿಕೆಗೆ ಜಾಗ ಬಿಟ್ಟುಕೊಟ್ಟು ನನ್ನ ಇನ್ನೊಂದು ನಂಬಿಕೆ ಯಾವತ್ತೋ ಹಿಂದಿನ ಬೆಂಚಿಗೆ ಹೋಗಿ ಕುಳಿತಿತ್ತು.

ಬೆಳಿಗ್ಗೆ ಫೋನ್ ಮಾಡುವಂತಿರಲಿಲ್ಲ. ಸ್ಕೂಟರ್ ಹತ್ತಿ ಗಾಂಧಿಬಾಗಿಗೇ ಹೋದೆ. ಸೇಠಜಿ ಅಂಗಡಿ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತಿದ್ದರು. "ಇವತ್ತು ಆಗುವುದಿಲ್ಲ, ಮಗಳ ಹಾಡು ಇದೆ, ನಾಳೆ ಬರುತ್ತೇನೆ" ಎಂದೆ. ಅವರ ಹಿಂದಿಯನ್ನು ಕನ್ನಡಕ್ಕೆ ಇಳಿಸಿದರೆ ಇಷ್ಟು: "ಮಿಸ್ತ್ರಿ, ನಿನ್ನ ದೇವರು ಮುಂದಿನ ವಾರವೂ ಅಲ್ಲೇ ಇರುತ್ತಾನೆ. ನನ್ನ ಗಿರಾಕಿ ಇರುವುದಿಲ್ಲ. ಬೇರೆಯವನನ್ನು ಕರೆಸಲೇನು?" ಬೇರೆಯವನು! ಈ ಊರಿನಲ್ಲಿ ನನಗೆ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೈ ತಾನಾಗಿಯೇ ಪಾನಾ ಇದ್ದ ಚೀಲಕ್ಕೆ ಹೋಯಿತು. "ಕರೆಸಿ" ಎಂದಿತು ಬಾಯಿ. ಸೇಠಜಿಗಿಂತ ನನಗೇ ಹೆಚ್ಚು ಆಶ್ಚರ್ಯವಾಯಿತು.

ನಾನು ಚರ್ಚಿನ ಒಳಗೆ ಕಾಲಿಟ್ಟಾಗ ರೂತ್ ಆಗಲೇ ಎದ್ದು ನಿಂತಿದ್ದಳು. ನೋಡಿದಳು. ಕೈಯಲ್ಲಿದ್ದ ಚೀಟಿಯನ್ನು ಮಡಚಿ, ನನ್ನ ಮುಖ ನೋಡುತ್ತಲೇ ಹಾಡಿದಳು. ಸಭೆಯವರು ಮರ್ಯಾದೆಯಿಂದ ಕೇಳಿದರು. ಸುಗುಣಾ ಮತ್ತು ನಾನು ತುಟಿ ಆಡಿಸಿದೆವು. ಮಗಳು ಅಳಲಿಲ್ಲ. ಮನೆಯಲ್ಲಿ ಒಬ್ಬರು ಅಳದಿದ್ದರೆ ಆ ಕೆಲಸ ಇನ್ನೊಬ್ಬರ ಮೇಲೆ ಬೀಳುತ್ತದೆ.

ಸೋಮವಾರ ಗಾಂಧಿಬಾಗಿಗೆ ಹೋಗಿ ಇಣುಕಿದೆ. ಅದು ಹೊತ್ತಿ ಉರಿದಿರಲಿಲ್ಲ. ಯಾರೋ ಹೊಸ ಮಿಸ್ತ್ರಿ ರಿಪೇರಿ ಮಾಡಿದ ಕೂಲರ್ ತಣ್ಣಗೆ ಗಾಳಿ ಬೀಸುತ್ತಿತ್ತು, ಅದೂ ಒಂದಿಷ್ಟೂ ಸದ್ದಿಲ್ಲದೆ. ವೈರಿಯನ್ನು ಪ್ರೀತಿಸಬೇಕೆಂದು ಪಾಸ್ಟರು ಹೇಳುತ್ತಾರೆ. ಪ್ರಯತ್ನ ನಡೆದಿದೆ, ಆ ಮಿಸ್ತ್ರಿಯ ಬಾಬತ್ತು ಇನ್ನೂ ಬಾಕಿ.

ಈಗ ಸಂಜೆ ಕೂಲರ್ ಬಂದ್ ಮಾಡಿಯೇ ಪ್ರಾರ್ಥಿಸುತ್ತೇವೆ. "ಮಳೆಯ ವಿಷಯ ನಿನ್ನ ಚಿತ್ತ ತಂದೆಯೇ, ತೀರಾ ಅವಸರವೇನಿಲ್ಲ" ಎನ್ನುವಷ್ಟರಲ್ಲಿ ಸುಗುಣಾ ಕೆಮ್ಮುತ್ತಾಳೆ, ನಾನು ಜಲ್ದಿ ಮುಂದಿನ ಮಾತಿಗೆ ಹೋಗುತ್ತೇನೆ. ಒಟ್ಟಿನಲ್ಲಿ ಇವತ್ತು ನನ್ನ ಹತ್ತಿರ ಇರುವುದು ಇಷ್ಟು: ಒಬ್ಬ ಹೆಂಡತಿ, ಒಬ್ಬ ಮಗಳು, ಒಂದು ಅಂಗಡಿ, ಗಿರಾಕಿಗಳಲ್ಲಿ ಒಬ್ಬ ಕಮ್ಮಿ, ಮತ್ತು ದುಡಿಯಲು ವಾರಕ್ಕೆ ಆರು ದಿನ.