ಆಕಾಶದ ಪೆಟ್ಟಿಗೆ, ಆಯಿಯ ಗೂಟ

ಆಕಾಶಕ್ಕೆ ಏರಿಸಿದ ವಸ್ತು ಎಲ್ಲಿ ಇಳಿಯಬೇಕೆಂಬುದನ್ನು ವಿಜ್ಞಾನಿಗಳು ಮೊದಲೇ ಗುಣಿಸಿ ಇಟ್ಟಿರುತ್ತಾರೆ. ಅದು ಅಲ್ಲಿಯೇ ಇಳಿದದ್ದನ್ನು ಮಾತ್ರ ನಾನು ನೋಡಿಲ್ಲ. ಮೂರು ಸಲ ಇಂಥ ಹುಡುಕಾಟಕ್ಕೆ ಹೋದವಳಾದ್ದರಿಂದ ಈ ಮಾತನ್ನು ಅಧಿಕಾರದಿಂದಲೇ ಹೇಳಬಲ್ಲೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಭೌತಶಾಸ್ತ್ರದ ಉಪನ್ಯಾಸಕಿಯಾಗಿದ್ದೆ. ಪೂರ್ವದಿಕ್ಕಿನ ದೊಡ್ಡ ಊರೊಂದರಿಂದ ಸಂಶೋಧನ ಸಂಸ್ಥೆಯವರು ಭಾರೀ ಬಲೂನುಗಳನ್ನು ಹಾರಿಸುತ್ತಿದ್ದರು. ಬಲೂನಿನ ಕೆಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಆಕಾಶದ ಕಿರಣಗಳ ಗುರುತು ಹಿಡಿಯುವ ಫಿಲ್ಮು. ಗಾಳಿ ಅದನ್ನು ಪಡುವಣಕ್ಕೆ ತಳ್ಳಿದ ಮೇಲೆ, ನಮ್ಮ ಸೀಮೆಯಲ್ಲಿ ಪೆಟ್ಟಿಗೆ ಕಳಚಿಕೊಂಡು ಪ್ಯಾರಾಶೂಟಿನಿಂದ ಇಳಿಯಬೇಕು. ಹುಡುಕಲು ಬರುತ್ತಿದ್ದವರು ಮೈಸೂರು ಕಡೆಯ ಒಬ್ಬ ತರುಣ ಸಂಶೋಧಕರು. ಅವರ ಡಾಕ್ಟರೇಟು ಆ ಫಿಲ್ಮಿನೊಳಗಿತ್ತು. ಸ್ಥಳೀಯ ನೆರವಿಗೆ ನಾನು. ಜೀಪು ಓಡಿಸಲು ಬಾಗಲಕೋಟೆಯ ಒಬ್ಬ ಚಾಲಕ.

೧. ಬೇವೂರಿನ ದೀಪ

ಮೊದಲ ಪೆಟ್ಟಿಗೆ ಬಾದಾಮಿಯ ಆಚೆ ಇಳಿಯಬೇಕಿತ್ತು. ಬೇವೂರಿನ ಹೊಲದಲ್ಲಿ ಇಳಿಯಿತು. ಮರುದಿನ ಬೆಳಿಗ್ಗೆ ನಾವು ತಲುಪುವಷ್ಟರಲ್ಲಿ ಅದು ಸ್ನಾನ ಮುಗಿಸಿ, ಮೈತುಂಬ ಭಂಡಾರದ ಅರಿಸಿನ ಬಳಿದುಕೊಂಡು, ಬೇವಿನ ಮರದ ಕೆಳಗೆ ಕರಿಕಂಬಳಿಯ ಮೇಲೆ ಕುಳಿತಿತ್ತು. ಪಕ್ಕದಲ್ಲಿ ಬೀರಪ್ಪ ದೇವರ ಪೂಜಾರಿಗಳಾದ ಒಬ್ಬ ಹಿರಿಯರು.

"ಇದು ನಮ್ಮ ಸಂಸ್ಥೆಯ ಉಪಕರಣ. ದಯವಿಟ್ಟು ಹಿಂದಿರುಗಿಸಬೇಕು," ಎಂದರು ಸಂಶೋಧಕರು.

ಹಿರಿಯರು ನನ್ನತ್ತ ತಿರುಗಿದರು. "ಏನಂತಾರ್ರಿ ಅಕ್ಕೋರ, ಇವ್ರು?"

"ಪೆಟ್ಟಿಗಿ ನಮ್ದು, ಕೊಡ್ರಿ ಅಂತಾರ."

"ಕೊಡೋಣಲ್ರಿ, ನಮಗ್ಯಾಕ ಬೇಕು? ಆದ್ರ ಬೀರಪ್ಪನ ಹೊಲಕ್ಕ ಬಂದೈತಿ. ಅಂವನ್ನ ಒಂದ್ ಮಾತ ಕೇಳಿ ಕೊಡ್ತೇವಿ."

ಕೇಳುವ ಕ್ರಮ ಸರಳ. ಒದ್ದೆ ಮಾಡಿದ ದೇವರ ಕಲ್ಲಿಗೆ ಎಡಕ್ಕೊಂದು, ಬಲಕ್ಕೊಂದು ಹೂ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಅದು ಬೀಳಲು ಎರಡು ಗಂಟೆ ಹಿಡಿಯಿತು. ಗುರುತ್ವಾಕರ್ಷಣೆಯನ್ನು ನಮ್ಮ ಸಂಶೋಧಕರಷ್ಟು ಭಕ್ತಿಯಿಂದ ಕಾಯ್ದ ಇನ್ನೊಬ್ಬ ವಿಜ್ಞಾನಿಯನ್ನು ನಾನು ಕಂಡಿಲ್ಲ.

ಹೊರಡುವಾಗ ಸಂಶೋಧಕರು ಅಳುಕುತ್ತಲೇ ಕೇಳಿದರು: "ಇದನ್ನು ಯಾರೂ ತೆರೆದಿಲ್ಲ ತಾನೆ? ಒಳಗೆ ಸ್ವಲ್ಪ ಬೆಳಕು ಬಿದ್ದರೂ ಎಲ್ಲ ಹಾಳು."

ಹಿರಿಯರು ಸಮಾಧಾನದಿಂದ ಹೇಳಿದರು: "ಇಲ್ಲೊಂದು ಸಣ್ಣ ಬಾಗಲಾ ಇತ್ತರಿ. ತಗದ ನೋಡಿದ್ರ ಒಳಗ ಎಂಥಾ ಕತ್ತಲಿ ಅಂತೀರಿ! ಪಾಪ, ಅದಕ್ಕ ಮುಂಜಾನಿ ತನಕಾ ಒಳಗ ದೀಪಾ ಇಟ್ಟಿದ್ವಿ."

೨. ಇಳಕಲ್ಲಿನ ಸೆರಗು

ತಪ್ಪು ಬೇವೂರಿನವರದಲ್ಲ. ಪೆಟ್ಟಿಗೆಯ ಮೇಲಿನ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಮರುವರ್ಷದ ಪೆಟ್ಟಿಗೆಗೆ ಕನ್ನಡದ ಬರೆಹವನ್ನು ನಾನೇ ಸಿದ್ಧಪಡಿಸಿದೆ: "ಈ ಪೇಟಿಕೆಯ ದ್ವಾರೋದ್ಘಾಟನವು ನಿಷಿದ್ಧ. ಅಂತರ್ಭಾಗಕ್ಕೆ ಪ್ರಕಾಶಸ್ಪರ್ಶವಾಗತಕ್ಕದ್ದಲ್ಲ." ಬರೆದ ಮೇಲೆ ಎರಡು ಸಲ ಓದಿಕೊಂಡು ಸಂತೋಷಪಟ್ಟದ್ದೂ ಉಂಟು.

ಆ ಪೆಟ್ಟಿಗೆ ಇಳಕಲ್ಲಿನ ಹತ್ತಿರ, ಕೆಂಪುಕಲ್ಲಿನ ಗಣಿಯಲ್ಲಿ ಬಿತ್ತು. ಇಳಿಯುವಾಗ ಪ್ಯಾರಾಶೂಟಿನ ಹೊಲಿಗೆ ಬಿಚ್ಚಿಕೊಂಡಿತ್ತು. ಬಂಡೆಗೆ ಬಡಿದ ಪೆಟ್ಟಿಗೆ ಒಡೆದು, ಫಿಲ್ಮು ಸುರುಳಿಸುರುಳಿಯಾಗಿ ಬಿಸಿಲು ಕಾಯುತ್ತಿತ್ತು. ಕಲ್ಲು ಒಡೆಯುವವರೊಬ್ಬರು ನನ್ನ ಬರೆಹದ ತುಂಡನ್ನು ಕೈಯಲ್ಲಿ ಹಿಡಿದು, ಬೆರಳಿಟ್ಟು ಕೊನೆಯವರೆಗೂ ಓದಿದರು.

"ಭಾಳ ಚಂದ ಬರದಾರ್ರಿ ಅಕ್ಕೋರ. ಇದರ ಕೆಳಗ ಕನ್ನಡದಾಗೂ ಬರಸಬೇಕಿತ್ತು."

ನಾನು ಆ ತುಂಡನ್ನು ಇಸಿದುಕೊಂಡು ಕೈಚೀಲದ ತಳಕ್ಕೆ ಸೇರಿಸಿದೆ.

ಸಂಶೋಧಕರು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಸಂಸ್ಥೆಯವರು ಇನ್ನೊಂದೇ ಬಲೂನು ಕೊಡುವವರಿದ್ದರು. ಅದೂ ಕೈಕೊಟ್ಟರೆ ನಾಲ್ಕು ವರ್ಷದ ಕೆಲಸ ಮುಗಿದಂತೆ. ಊರಿಗೆ ಹೋಗಿ ಬೇರೆ ನೌಕರಿ ಹುಡುಕಬೇಕು.

ಆಗುವ ಕೆಲಸವನ್ನಾದರೂ ಮಾಡೋಣವೆಂದು, ಹರಿದ ಪ್ಯಾರಾಶೂಟನ್ನು ಊರಿನ ಒಬ್ಬ ನೇಕಾರರ ಮನೆಗೆ ಒಯ್ದೆವು. ಅವರು ಬಟ್ಟೆಯನ್ನು ಬೆರಳಲ್ಲಿ ಉಜ್ಜಿ ನೋಡಿದರು.

"ನೂಲು ಚಲೋ ಐತಿ. ಆದ್ರ ಸೆರಗ ಎಲ್ಲೈತ್ರಿ ಇದಕ್ಕ?"

"ಇದಕ್ಕೆ ಸೆರಗು ಬೇಡ. ಇದು ಆಕಾಶದಿಂದ ಇಳಿಯುವ ಬಟ್ಟೆ," ಎಂದರು ಸಂಶೋಧಕರು.

"ಎಲ್ಲಿಂದರ ಇಳೀಲಿ ಸಾಹೇಬ್ರ. ಸೆರಗಿಲ್ಲದ ಅರಿವಿ ಇಳಕಲ್ಲಿಂದ ಹೊರಗ ಹೋದ್ರ ಮಂದಿ ನಗೋದು ನಿಮಗಲ್ಲ, ನಮಗ."

ಎರಡು ದಿನಗಳ ನಂತರ ಪ್ಯಾರಾಶೂಟು ತಿರುಗಿ ಬಂತು. ಹರಿದ ಭಾಗದುದ್ದಕ್ಕೂ ಬಿಳಿಯ ತೆನೆಗಳ ನೇಯ್ಗೆಯಿದ್ದ ಕೆಂಪು ರೇಷ್ಮೆಯ ಸೆರಗನ್ನು ಜೋಡಿಸಿದ್ದರು. ಸಂಸ್ಥೆಯವರು ಅದನ್ನು ಎಳೆದು, ಜಗ್ಗಿ, ಭಾರ ಕಟ್ಟಿ ಪರೀಕ್ಷಿಸಿದರು. ಮೂಲ ಬಟ್ಟೆಗಿಂತ ಅದೇ ಗಟ್ಟಿಯೆಂದು ಕಂಡುಬಂತು. ಒಪ್ಪಿಗೆಯ ಪತ್ರದ ಕೊನೆಯಲ್ಲಿ ಮಾತ್ರ ಒಂದು ಸಾಲಿತ್ತು: "ತೆನೆಗಳ ವೈಜ್ಞಾನಿಕ ಉದ್ದೇಶವನ್ನು ದಯಮಾಡಿ ತಿಳಿಸುವುದು."

೩. ಕೆರೆಯಲ್ಲಿ ಕಂಡ ಹೆಣ್ಣುಮಗಳು

ಮೂರನೆಯ ಬಲೂನು ಮಹಾಕೂಟದ ಆಸುಪಾಸಿಗೆ ಬರಬೇಕಿತ್ತು. ಗಾಳಿ ಜೋರಾದರೆ ಪೆಟ್ಟಿಗೆ ಪಡುವಣ ಕಡಲಿಗೂ ಬೀಳಬಹುದೆಂದು, ಈ ಸಲ ಅದು ಆರು ಗಂಟೆ ನೀರು ತಡೆಯುವಂತೆ ಬಿಗಿ ಮಾಡಿದ್ದರು. ಪಕ್ಕದ ಪುಟ್ಟ ಗಾಜಿನ ಹಿಂದೆ ಒಂದು ನೀಲಿ ಕಾಗದ. ಒಳಗೆ ತೇವ ಹೋದರೆ ಅದು ಕೆಂಪಾಗುತ್ತದೆ. "ನಮ್ಮ ಕಡೆ ಎಲ್ಲಿಯ ಕಡಲು?" ಎಂದು ನಾನು ನಕ್ಕಿದ್ದೆ.

ಬೆಳಿಗ್ಗೆ ಎಂಟಕ್ಕೆ ಪೆಟ್ಟಿಗೆ ಹುನಗುಂದದ ಆಚೆಯ ಒಂದು ಕೆರೆಯಲ್ಲಿ ಬಿತ್ತು.

ನಾವು ತಲುಪಿದಾಗ ಹನ್ನೊಂದು. ಇಡೀ ಊರು ಕೆರೆಯ ಒಡ್ಡಿನ ಮೇಲಿತ್ತು. ನಡುನೀರಿನಲ್ಲಿ ಇಳಕಲ್ ಸೀರೆಯ ಸೆರಗು ತೇಲುವುದನ್ನು ಯಾರೋ ಕಂಡು, ಹೆಣ್ಣುಮಗಳೊಬ್ಬಳು ಬಿದ್ದಳೆಂದು ಕೂಗಿದ್ದರು. ಈಜು ಬಲ್ಲವರು ಹಾರಿ, ಆಕೆಯ ಮೈಗೆ ಸುತ್ತಿದ್ದ ಹಗ್ಗಗಳನ್ನೆಲ್ಲ ಕುಡುಗೋಲಿನಿಂದ ಕೊಯ್ದು, ಸೆರಗು ಹಿಡಿದು ಎಳೆದು ತಂದಿದ್ದರು. ಸೆರಗು ಬಂತು, ಹಗ್ಗದ ತುದಿಯಲ್ಲಿದ್ದ ಪೆಟ್ಟಿಗೆ ಮುಳುಗಿತು.

"ಬಿದ್ದಾಕಿ ಯಾರಂತ ನೋಡಾಕ ಎಲ್ಲಾ ಮನಿ ಸೊಸಿದೇರನ್ನ ಎಣಿಸಿದ್ವಿರಿ," ಎಂದರು ಒಬ್ಬರು. "ಎಲ್ಲಾರೂ ಅದಾರ. ಆದ್ರ ಒಬ್ಬಾಕಿ ಮಾತ್ರ, 'ಊರಾಗ ಇಷ್ಟ ಮಂದಿ ಸೊಸಿದೇರ ಇರಬೇಕಾದ್ರ ನೀ ನನ್ನನ್ನ ಮೊದಲ ಯಾಕ ಹುಡುಕಿದಿ?' ಅಂತ ಅತ್ತಿ ಕೂಡ ಜಗಳಾ ತಗದಾಳ. ಅದಿನ್ನೂ ಮುಗದಿಲ್ಲ."

೪. ಖಾಲಿ ಗೂಟ

ಉಳಿದದ್ದು ಮೂರು ಗಂಟೆ. ತಳದಲ್ಲಿ ಕೆಸರು ಆಳವಾಗಿದೆ, ಮುಳುಗುವುದು ಆಗದ ಮಾತು ಎಂದು ಮೀನು ಹಿಡಿಯುವವರು ಹೇಳಿದರು. ಹರಿಗೋಲು ಕೊಡಲು ಅವರು ಸಿದ್ಧರಿದ್ದರು. ಬೇಕಾದದ್ದು ಪಾತಾಳಗರಡಿ: ಬಾವಿಗೆ ಬಿದ್ದ ಕೊಡಗಳನ್ನು ಮೇಲೆತ್ತಲು ಹಗ್ಗಕ್ಕೆ ಕಟ್ಟಿ ಇಳಿಬಿಡುವ, ಕಬ್ಬಿಣದ ಕೊಕ್ಕೆಗಳ ಗೊಂಚಲು.

ಅದು ಊರವರು ಆಯಿ ಎಂದು ಕರೆಯುವ ಒಬ್ಬ ಅಜ್ಜಿಯ ಮನೆಯಲ್ಲಿತ್ತು. ಕಟ್ಟೆಯ ಮೇಲಿನ ಗೋಡೆಯಲ್ಲಿ ಒಂದು ಗೂಟ, ಗೂಟಕ್ಕೆ ಗರಡಿ. ಒಯ್ಯುವವರು ಅದರ ಜಾಗದಲ್ಲಿ ತಮ್ಮದೊಂದು ವಸ್ತುವನ್ನು ಒತ್ತೆಯಿಟ್ಟು ಹೋಗಬೇಕು.

"ನಮ್ಮತ್ತಿ ಕಾಲದಿಂದ ನಡದ ಬಂದೈತವ್ವಾ," ಎಂದಳು ಆಯಿ. "ಕೊಡಾ ಇಟ್ಟ ಒಯ್ದಾರು ಸಂಜೀಕ ತರ್ತಾರ. ಮಾತ ಇಟ್ಟ ಒಯ್ದಾರು ವರ್ಷಾದ್ರೂ ತರಂಗಿಲ್ಲ."

ಸಂಶೋಧಕರು ಕೈಗಡಿಯಾರ ಬಿಚ್ಚಿದರು.

"ಒಲ್ಲೆ ತಮ್ಮಾ. ಅದು ಟಕಟಕ ಅಂತೈತಿ."

ಚಾಲಕ ಜೀಪಿನ ಕೀಲಿಯನ್ನು ಆಗಲೇ ಜೇಬಿನ ಆಳಕ್ಕೆ ಇಳಿಸಿದ್ದ. ನಾನು ಮುಂದೆ ಬಂದೆ. "ಆಯೀ, ನಾ ಬಾಗಲಕ್ವಾಟ್ಯಾಗ ಕಾಲೇಜ ಕಲಸ್ತೇನಿ. ಇಡೀ ಜಿಲ್ಲಾದಾಗ ನನ್ನ ಮಾತಿಗೆ ಒಂದು ಬೆಲಿ ಐತಿ."

"ಇರಬೇಕವ್ವಾ, ಖರೆ. ಅದನ್ನ ಈ ಗೂಟಕ್ಕ ಹೆಂಗ ಹಾಕ್ಲಿ?"

ನಾನು ಗೂಟವನ್ನೊಮ್ಮೆ ನೋಡಿ ಹಿಂದೆ ಸರಿದೆ.

ಆಯಿ ಸಂಶೋಧಕರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿನಗ ಈಜ ಬರ್ತೈತೇನಪಾ?"

"ಬರುವುದಿಲ್ಲ."

"ಹರಿಗೋಲ?"

"ಅದೂ ಇಲ್ಲ."

"ಹಂಗಾರ ಅಲ್ಲಿ ಹೋಗಿ ಏನ ಮಾಡಾಂವ? ಇಲ್ಲೇ ಕುಂದ್ರು."

ವಾದದಲ್ಲಿ ದೋಷವಿರಲಿಲ್ಲ. ತಮ್ಮ ಡಾಕ್ಟರೇಟನ್ನು ನೀರಿನಿಂದ ಎತ್ತುವ ಹೊತ್ತಿಗೆ ಸಂಶೋಧಕರು ಗೂಟದ ಕೆಳಗೆ ಕುಳಿತಿದ್ದರು. ತೂಗುಹಾಕಲಿಲ್ಲವೆಂಬುದಷ್ಟೇ ಅವರಿಗೆ ಸಿಕ್ಕ ರಿಯಾಯಿತಿ.

೫. ಬಿಡುಗಡೆ

ಒಂದೂವರೆಗೆ ಕೊಕ್ಕೆ ಪೆಟ್ಟಿಗೆಗೆ ಸಿಕ್ಕಿತು. ಮೀನುಗಾರರು ಅದನ್ನು ಹರಿಗೋಲಿನೊಳಕ್ಕೆ ಎಳೆದು ಬಿಡಿಸಿದರು. ಹಗ್ಗ ಹಿಡಿದಿದ್ದ ಚಾಲಕ ಸಂತೋಷ ತಡೆಯಲಾರದೆ ಎರಡೂ ಕೈ ಮೇಲೆತ್ತಿ ಕೂಗಿದ. ಗರಡಿ, ಹಗ್ಗ ಸಮೇತ, ನೀರಿಗೆ ಹೋಯಿತು.

ಪೆಟ್ಟಿಗೆಯನ್ನು ಆಯಿಯ ಕಟ್ಟೆಗೇ ತಂದೆವು. ಸಂಶೋಧಕರು ಗಾಜಿನ ಮೇಲಿನ ಕೆಸರನ್ನು ಅಂಗಿಯ ತುದಿಯಿಂದ ಒರೆಸಿದರು. ಕಾಗದ ನೀಲಿಯಾಗಿತ್ತು. ಮುಖ ಆಚೆ ತಿರುಗಿಸಿಕೊಂಡು ಅವರು ಅತ್ತುಬಿಟ್ಟರು. ಆಯಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟು, ಅವರು ಕುಡಿಯುವ ತನಕ ತಾಳಿದಳು.

"ಪೆಟ್ಟಿಗಿ ಬಂತು, ಭಾಳ ಚಲೋ ಆತು. ಗರಡಿ?"

ಗರಡಿಯನ್ನು ಎತ್ತಲು ಇನ್ನೊಂದು ಗರಡಿ ಬೇಕು. ಅದು ಎದುರುಮನೆಯಲ್ಲಿತ್ತು.

"ಅವ್ರ ಗರಡಿಗಿ ಮೂರ ಕೊಕ್ಕಿ," ಎಂದಳು ಆಯಿ. "ಅದು ನಂದನ್ನ ಎತ್ತತೈತೇನು?"

"ಮೂರ ಇದ್ರೂ ಮನ್ಯಾಗ ಐತವ್ವಾ!" ಎದುರು ಕಟ್ಟೆಯಿಂದ ಉತ್ತರ ಬಂತು. "ನಿಂದರಂಗ ಕೆರಿ ನೋಡಾಕ ಹೋಗಿಲ್ಲ!"

ಆ ಮನೆಯ ಕ್ರಮವೂ ಅದೇ. ಒತ್ತೆಯಿಡಲು ಈಗ ಉಳಿದಿದ್ದವಳು ನಾನು. ವಿಶ್ವವಿದ್ಯಾಲಯದ ಚಿನ್ನದ ಪದಕ ಪಡೆದವಳು ಮೂರು ಕೊಕ್ಕೆಯ ಗರಡಿಗೆ ಬದಲಾಗಿ ಕುಳಿತೆ. "ಖಾಲಿ ಕುಂದ್ರಬ್ಯಾಡ್ರಿ ಅಕ್ಕೋರ, ಬ್ಯಾಸರಾಗತೈತಿ," ಎಂದು ಎದುರುಮನೆಯಾಕೆ ಒಂದು ಮೊರದ ತುಂಬ ಶೇಂಗಾ ತಂದು ಮುಂದಿಟ್ಟಳು. ನಾನು ಶೇಂಗಾ ಸುಲಿಯುತ್ತ, ಸಂಶೋಧಕರು ಪೆಟ್ಟಿಗೆಯನ್ನು ತಬ್ಬಿಕೊಂಡು, ದಾರಿಯ ಎರಡು ಬದಿಗೆ ಎದುರುಬದುರಾಗಿ ಕುಳಿತೆವು.

ಪೆಟ್ಟಿಗೆಯ ಸುದ್ದಿಯನ್ನು ಸಂಸ್ಥೆಗೆ ಕೂಡಲೇ ತಿಳಿಸಬೇಕಿತ್ತು. ಸಂಶೋಧಕರು ಚಾಲಕನನ್ನು ಹುನಗುಂದದ ಅಂಚೆಕಚೇರಿಗೆ ಕಳಿಸುವಾಗ, "ಇದ್ದದ್ದನ್ನು ಇದ್ದಂತೆ, ಚಿಕ್ಕದಾಗಿ ತಂತಿ ಕೊಡಿ," ಎಂದರು. ಚಾಲಕ ಪ್ರಾಮಾಣಿಕ. ಅವನು ಕೊಟ್ಟ ತಂತಿ ಹೀಗಿತ್ತು: "ಪೆಟ್ಟಿಗೆ ಸುರಕ್ಷಿತ. ಸಾಹೇಬರನ್ನೂ ಅಕ್ಕೋರನ್ನೂ ಊರವರು ಒತ್ತೆ ಇಟ್ಟುಕೊಂಡಿದ್ದಾರೆ. ಕಬ್ಬಿಣದ ಕೊಕ್ಕೆ ಕೊಟ್ಟರೆ ಬಿಡುತ್ತಾರೆ."

ಬಿಸಿಲು ಇಳಿಯುವ ಹೊತ್ತಿಗೆ, ತಂತಿ ಕೊಟ್ಟು ಬಂದ ಚಾಲಕ ಇನ್ನೂ ಕೆರೆಯಲ್ಲಿ ಗರಡಿಗೆ ಗರಡಿ ಹಾಕುತ್ತಿದ್ದಾಗ, ಪೊಲೀಸ್ ವ್ಯಾನು ಬಂತು. ಸಬ್‌ಇನ್‌ಸ್ಪೆಕ್ಟರು ನಾಲ್ವರು ಪೇದೆಗಳೊಡನೆ ಧಡಧಡ ಇಳಿದರು.

"ಅಪಹರಣ ಆದವ್ರು ಎಲ್ಲಿ?"

ಸಂಶೋಧಕರು ಆಗ ಆಯಿಯ ಮೂರನೆಯ ರೊಟ್ಟಿಯಲ್ಲಿದ್ದರು. ಬಾಯಿ ತುಂಬಿದ್ದರಿಂದ ಕೈ ಎತ್ತಿದರು. ನಾನು ಶೇಂಗಾ ಸಿಪ್ಪೆ ಕೊಡವಿ ಎದ್ದು ನಿಂತು, ಆದದ್ದನ್ನು ವಿವರಿಸಿದೆ. ಸಬ್‌ಇನ್‌ಸ್ಪೆಕ್ಟರು ಪೇದೆಗಳಿಗೆ ಲಾಠಿ ಇಳಿಸುವಂತೆ ಸನ್ನೆ ಮಾಡಿದರು. ಅನಂತರ ಆಯಿಯತ್ತ ತಿರುಗಿ, "ಸಾಹೇಬ್ರನ್ನೂ ಅಕ್ಕೋರನ್ನೂ ಕರ್ಕೊಂಡ ಬಾ ಅಂತ ಮ್ಯಾಲಿಂದ ಹುಕುಂ ಐತಿ ಆಯೀ. ನಾ ಒಯ್ತೇನಿ," ಎಂದರು.

"ಒಯ್ಯಪಾ, ನಾ ಬ್ಯಾಡ ಅಂತೀನೇನು?" ಎಂದಳು ಆಯಿ. "ಏನ ಇಟ್ಟ ಒಯ್ತಿ?"

ಊರೆಲ್ಲ ನೋಡುತ್ತಿತ್ತು. ಸಬ್‌ಇನ್‌ಸ್ಪೆಕ್ಟರು ಒಮ್ಮೆ ಪೆಟ್ಟಿಗೆಯನ್ನು, ಒಮ್ಮೆ ಗೂಟವನ್ನು ನೋಡಿ, ಮೆಲ್ಲನೆ ಟೋಪಿ ತೆಗೆದು ಗೂಟಕ್ಕೆ ಹಾಕಿದರು.

ಆಗ ನನ್ನ ಹಿಂದಿನಿಂದ ಎದುರುಮನೆಯಾಕೆಯ ಧ್ವನಿ ಬಂತು: "ಸಾಹೇಬ್ರ, ಅಕ್ಕೋರನ್ನ ಒಯ್ಯಾಕ ನನ್ನ ಗೂಟಕ್ಕ?"

ಸಬ್‌ಇನ್‌ಸ್ಪೆಕ್ಟರು ಪೇದೆಗಳಿಗೆ ಆಚೆ ತಿರುಗಿ ನಿಲ್ಲಲು ಹೇಳಿ, ಸೊಂಟದ ಬೆಲ್ಟಿಗೆ ಕೈ ಹಾಕಿದರು.