ಅಡುಗೆಮನೆ ಕಿಟಕಿಗೆ ಮಂಜೂರಾದ ನೋಟ

ನಗರಸಭೆಯ ಹೊರನೋಟ ಮತ್ತು ಒಳನೋಟ ನಿಯಮಾವಳಿಯ ಪ್ರಕಾರ ಕಿಟಕಿ ಎಂದರೆ ಗೋಡೆಯ ಗೈರುಹಾಜರಿ. ಗೈರುಹಾಜರಾಗುವ ಮೊದಲು ಗೋಡೆಯು ಅನುಮತಿ ಪಡೆಯತಕ್ಕದ್ದು. ಗೋಡೆಗೆ ಸಹಿ ಮಾಡಲು ಬಾರದ ಕಾರಣ, ಅದರ ಪರವಾಗಿ ಮನೆಯ ಯಜಮಾನರು ಅರ್ಜಿ ಸಲ್ಲಿಸತಕ್ಕದ್ದು.

ಬಸ್ ಡಿಪೋದಲ್ಲಿ ಟೈಂಕೀಪರಾಗಿದ್ದು ನಿವೃತ್ತರಾದವರೊಬ್ಬರಿಗೆ ಈ ನಿಯಮದಲ್ಲಿ ತಪ್ಪೇನೂ ಕಾಣಲಿಲ್ಲ. ಮೂವತ್ತನಾಲ್ಕು ವರ್ಷ ಬಸ್ಸುಗಳು ಬಂದದ್ದನ್ನೂ ಹೋದದ್ದನ್ನೂ ಬರೆದುಕೊಂಡ ಜೀವ ಅದು. ಬಸ್ಸು ಕಣ್ಣೆದುರಿಗೇ ನಿಂತು ಹಾರನ್ ಹೊಡೆಯುತ್ತಿದ್ದರೂ, ಪುಸ್ತಕಕ್ಕೆ ಏರದೆ ಅದು ಬಂದಿದೆ ಎಂದು ಅವರು ಒಂದು ದಿನವೂ ಒಪ್ಪಿದವರಲ್ಲ.

ಕಿಟಕಿ ಬೇಕಾಗಿದ್ದುದು ಅವರ ಹೆಂಡತಿಗೆ. ಅವರ ಅಡುಗೆಮನೆ ಮನೆಯ ಹಿಂಭಾಗದಲ್ಲಿ, ಮೂರು ಗೋಡೆ ಮತ್ತು ಒಂದು ಬಾಗಿಲಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ನಡುಮಧ್ಯಾಹ್ನವೂ ಬಲ್ಬು ಉರಿಯಬೇಕು. ಎಣ್ಣೆ ಕಾದರೆ ಹೊಗೆಯೆಲ್ಲ ಆಕೆಯ ಕಣ್ಣಿಗೇ. ವಯಸ್ಸಾದಂತೆ ಕಣ್ಣು ಮಂಜಾಗಿ, ಹಿಂದಿನ ತಿಂಗಳು ಸಕ್ಕರೆಯೆಂದು ಉಪ್ಪು ಹಾಕಿ ಚಹಾ ಮಾಡಿದ್ದರು. ಟೈಂಕೀಪರು ಎರಡು ಲೋಟ ಕುಡಿದು, ಏನೂ ಹೇಳದೆ ಪೇಪರು ಓದಿದ್ದರು. ಮೂರನೆಯ ಲೋಟವನ್ನು ತಾವೇ ಬಾಯಿಗಿಟ್ಟಾಗ ಆಕೆಗೆ ವಿಷಯ ತಿಳಿದದ್ದು.

"ರೀ, ನನಗೆ ಚಿನ್ನ ಬೇಡ, ಊರು ಸುತ್ತೋದು ಬೇಡ," ಎಂದರು ಆಕೆ ಅವತ್ತು. "ಹಿಂದಿನ ಗೋಡೆಗೆ ಒಂದು ಕಿಟಕಿ ಇಡಿಸಿಕೊಡಿ. ನಾನು ಏನು ಬೇಯಿಸ್ತಿದ್ದೀನಿ ಅಂತ ನನಗೂ ಗೊತ್ತಾಗಲಿ."

ಮದುವೆಯಾಗಿ ಮೂವತ್ತೊಂದು ವರ್ಷದಲ್ಲಿ ಆಕೆ ಬಾಯಿಬಿಟ್ಟು ಕೇಳಿದ್ದು ಅದೊಂದೇ. ಟೈಂಕೀಪರು ಮರುದಿನವೇ ಕಚೇರಿಗೆ ಹೊರಟರು.

ಆಗ ನಗರಸಭೆಯವರು 'ಒಳಗೂ ಚೆಂದ, ಹೊರಗೂ ಚೆಂದ' ಎಂಬ ಅಭಿಯಾನ ನಡೆಸುತ್ತಿದ್ದರು. ಕಚೇರಿಯ ಬಾಗಿಲಲ್ಲೇ ಪ್ರಕಟಣೆ ಅಂಟಿಸಿದ್ದರು: 'ನಾಗರಿಕರು ತಮ್ಮ ಮನೆಗಳನ್ನು ತಮ್ಮ ಇಷ್ಟದಂತೆ ಸುಂದರಗೊಳಿಸಿಕೊಳ್ಳಬಹುದು. ಇಷ್ಟಗಳ ಪಟ್ಟಿ ಕೊಠಡಿ ಸಂಖ್ಯೆ ನಾಲ್ಕರಲ್ಲಿ ಲಭ್ಯವಿದೆ.'

ನಾಲ್ಕನೇ ಕೊಠಡಿಯಲ್ಲಿ ಒಂದು ಮೇಜು, ಅದರ ಆಚೆಗೊಂದು ಈಚೆಗೊಂದು ಕುರ್ಚಿ, ಒಬ್ಬ ಅಧಿಕಾರಿ. ಬೆಳಿಗ್ಗೆ ಅವರು ಆಚೆಯ ಕುರ್ಚಿಯಲ್ಲಿ ಕೂತು ಹೊರನೋಟ ಶಾಖೆಯನ್ನು ನೋಡಿಕೊಳ್ಳುತ್ತಿದ್ದರು. ಊಟವಾದ ಮೇಲೆ ಈಚೆಯ ಕುರ್ಚಿಗೆ ಬಂದು ಒಳನೋಟ ಶಾಖೆಯನ್ನು. ಕಿಟಕಿಗೆ ಒಳಮೈಯೂ ಇದೆ, ಹೊರಮೈಯೂ ಇದೆ, ಆದ್ದರಿಂದ ಒಳನೋಟದವರ ಅಭಿಪ್ರಾಯವಿಲ್ಲದೆ ತಾವು ಏನೂ ಹೇಳುವಂತಿಲ್ಲ ಎಂದು ಬೆಳಿಗ್ಗೆ ಹೇಳಿದರು. ಟೈಂಕೀಪರು ಹೊರಗಿನ ಬೆಂಚಿನಲ್ಲಿ ಕಾದು, ಎರಡು ಗಂಟೆಗೆ ಮತ್ತೆ ಒಳಗೆ ಹೋದರು.

"ಬೆಳಗಿನವರು ಏನಂದರು?" ಎಂದು ಕೇಳಿದರು ಅದೇ ಅಧಿಕಾರಿ, ಈಚೆಯ ಕುರ್ಚಿಯಿಂದ.

ಟೈಂಕೀಪರು ಹೇಳಿದರು.

"ಅವರದು ಯಾವಾಗಲೂ ಇದೇ ಆಯ್ತು," ಎಂದು ಅಧಿಕಾರಿ ನಿಟ್ಟುಸಿರುಬಿಟ್ಟರು. "ಎಲ್ಲಾ ನನ್ನ ತಲೆಗೆ ಕಟ್ತಾರೆ."

ಟೈಂಕೀಪರಿಗೆ ಪಾಪ ಎನಿಸಿತು. ಡಿಪೋದಲ್ಲಿಯೂ ಮೊದಲನೇ ಪಾಳಿಗೂ ಎರಡನೇ ಪಾಳಿಗೂ ಎಂದೂ ಹೊಂದಿಕೆಯಾದದ್ದಿಲ್ಲ. ಕಡತವು ಮೇಜಿನ ಆ ಬದಿಯಿಂದ ಈ ಬದಿಗೆ ಬರಲು ಹನ್ನೊಂದು ದಿನ ಹಿಡಿಯಿತು. ನಡುವೆ ಅಧಿಕಾರಿಗಳು ತಮಗೆ ತಾವೇ ಎರಡು ಜ್ಞಾಪನಾ ಪತ್ರ ಬರೆದುಕೊಂಡರು. ಎರಡನೆಯದರ ಭಾಷೆ ಸ್ವಲ್ಪ ಖಾರವಾಗಿತ್ತೆಂದೂ, ಅದರಿಂದ ಮನಸ್ಸಿಗೆ ನೋವಾಗಿ ಒಂದು ದಿನ ರಜೆ ಹಾಕಿದರೆಂದೂ ಜವಾನ ತಿಳಿಸಿದ.

ಹನ್ನೆರಡನೆಯ ದಿನ ಸ್ಥಳ ಪರಿವೀಕ್ಷಕರು ಮನೆಗೆ ಬಂದರು. ಜೊತೆಗೆ ಅವರ ಭಾಮೈದನೂ ಬಂದಿದ್ದ. ಅವನು ಮನೆಗಳ ಒಳಾಂಗಣ ವಿನ್ಯಾಸ ಮಾಡುವವನು. ಇದು ಕಾಕತಾಳೀಯವೆಂದು ಪರಿವೀಕ್ಷಕರು ಯಾರೂ ಕೇಳದೆಯೇ ಹೇಳಿದರು. ಭಾಮೈದ ಅಡುಗೆಮನೆಯ ನಡುವೆ ನಿಂತು, ಕಣ್ಣು ಮುಚ್ಚಿ, ಈ ಜಾಗ ಏನನ್ನೋ ಹೇಳಲು ಬಯಸುತ್ತಿದೆ ಎಂದ. ಬಳಿಕ ದಪ್ಪನೆಯ ಪುಸ್ತಕ ಬಿಚ್ಚಿ, ಹದಿನಾರು ಬಗೆಯ ಬಿಳಿ ಬಣ್ಣ ತೋರಿಸಿದ. ಟೈಂಕೀಪರ ಹೆಂಡತಿ ಬಲ್ಬಿನ ಕೆಳಗೆ ಹಿಡಿದು ನೋಡಿ, ಎಲ್ಲಾ ಒಂದೇ ಥರ ಇದೆಯಲ್ಲಪ್ಪ ಎಂದರು. ಹಾಗೆ ಕಾಣುವುದೇ ಅದರ ಹೆಚ್ಚುಗಾರಿಕೆ ಎಂದ ಅವನು. ಕೊನೆಗೆ ತನ್ನ ಮುಖ್ಯ ಸರಕನ್ನು ಹೊರಗೆ ತೆಗೆದ. ಅದು ಗೋಡೆಗೆ ಅಂಟಿಸುವ ಕಾಗದ. ಅದರ ಮೇಲೆ ತೆರೆದ ಕಿಟಕಿಯೊಂದರ ಚಿತ್ರವಿತ್ತು, ಆಚೆಗೆ ಹಸಿರು ಗುಡ್ಡ. ಇದಕ್ಕೆ ಯಾವ ಅನುಮತಿಯೂ ಬೇಕಿಲ್ಲವೆಂದು ಪರಿವೀಕ್ಷಕರು ದನಿಗೂಡಿಸಿದರು.

"ಇದರಿಂದ ಹೊಗೆ ಹೊರಗೆ ಹೋಗುತ್ತಾ?" ಎಂದು ಆಕೆ ಕೇಳಿದರು.

"ಹೋಗಲ್ಲಮ್ಮ," ಎಂದ ಭಾಮೈದ. "ಆದರೆ ಹೋಗ್ತಿದೆ ಅನ್ನೋ ಭಾವನೆ ಬರುತ್ತೆ."

ಭಾವನೆ ಬೇಡ, ಕಿಟಕಿಯೇ ಇರಲಿ ಎಂದು ಆಕೆ ಹೇಳಿದ್ದರಿಂದ ಪರಿವೀಕ್ಷಕರು ಮುಖ ಗಂಟಿಕ್ಕಿಕೊಂಡು ನಮೂನೆ ಹದಿನಾಲ್ಕನ್ನು ತೆಗೆದರು. ಅದರ ಒಂಬತ್ತನೇ ಕಲಂ ಹೀಗಿತ್ತು: 'ಕಿಟಕಿಯಿಂದ ಕಾಣಲಿರುವ ನೋಟದ ವಿವರ.' ಗೋಡೆ ಅಡ್ಡವಿದ್ದುದರಿಂದ ಒಳಗಿನಿಂದ ಏನೂ ಕಾಣುವಂತಿರಲಿಲ್ಲ. ಪರಿವೀಕ್ಷಕರು ಕೆಲಸ ಬಲ್ಲವರು. ಹಿತ್ತಲಿಗೆ ಹೋಗಿ, ಗೋಡೆಗೆ ಬೆನ್ನು ಕೊಟ್ಟು, ತಮ್ಮನ್ನೇ ಕಿಟಕಿಯೆಂದು ಭಾವಿಸಿಕೊಂಡು, ಎದುರಿಗೆ ಕಂಡದ್ದನ್ನು ಬರೆದುಕೊಂಡರು.

ಎದುರಿಗಿದ್ದುದು ಹಿಂದಿನ ಮನೆಯ ಅಂಗಳ. ಅಲ್ಲಿ ಅಂಚೆ ಹಂಚಿ ನಿವೃತ್ತರಾದ, ಬೀದಿಯವರೆಲ್ಲ ಅಂಚೆಯಣ್ಣ ಎಂದೇ ಕರೆಯುವ ಒಂಟಿ ಮುದುಕರು ಪೇರಲ ಮರದ ಕೆಳಗೆ ಮುಖಕ್ಷೌರ ಮಾಡಿಕೊಳ್ಳುತ್ತಿದ್ದರು.

ಅನುಮತಿ ಪತ್ರ ಬಂತು. 'ಮಂಜೂರಾದ ನೋಟ: ಪೇರಲ ಮರ ಒಂದು. ಮರದ ಸ್ಟೂಲು ಒಂದು. ಅದರ ಮೇಲೆ ಚೌಕುಳಿ ಟವೆಲು ಹೊದ್ದ ವಯಸ್ಕ ಪುರುಷ ಒಬ್ಬ. ಬಲಗೆನ್ನೆ ಬೋಳಿಸಿದೆ. ಎಡಗೆನ್ನೆಯಲ್ಲಿ ಸೋಪಿನ ನೊರೆ ಇದೆ. ಮೀಸೆ ಇರುವುದಿಲ್ಲ. ಷರತ್ತು: ನೋಟವನ್ನು ಮಂಜೂರಾದ ಸ್ಥಿತಿಯಲ್ಲೇ ಕಾಯ್ದುಕೊಳ್ಳತಕ್ಕದ್ದು. ತಪಾಸಣೆ: ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತರಿಂದ ಹನ್ನೊಂದು.'

ಪತ್ರದ ಮೇಲಿನ ಮೊಹರು ನೋಡಿದ ಸಂತೋಷದಲ್ಲಿ ಟೈಂಕೀಪರು ಷರತ್ತಿನ ಕಡೆ ಅಷ್ಟಾಗಿ ಗಮನ ಕೊಡಲಿಲ್ಲ. ಗಾರೆಯವನು ಬಂದ, ಗೋಡೆ ಒಡೆದ, ಚೌಕಟ್ಟು ಕೂರಿಸಿದ. ಅಡುಗೆಮನೆಯೊಳಗೆ ಬೆಳಕು ಬಿತ್ತು. ಮೊದಲ ದಿನ ಟೈಂಕೀಪರ ಹೆಂಡತಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಒಂದೊಂದರ ಮುಚ್ಚಳ ತೆಗೆದು, ಇದು ಇಲ್ಲಿತ್ತಾ, ಇದು ಇಲ್ಲಿತ್ತಾ ಎಂದು ತಮ್ಮಷ್ಟಕ್ಕೆ ನಗುತ್ತಿದ್ದರು.

ಒಂಬತ್ತು ದಿನದ ಮೇಲೆ, ಶುಕ್ರವಾರ, ನೋಟೀಸು ಬಂತು. ತಪಾಸಣೆಯ ವೇಳೆ ಸದರಿ ವಯಸ್ಕ ಪುರುಷನ ಎರಡೂ ಕೆನ್ನೆಗಳು ಬೋಳಿಸಿದ ಸ್ಥಿತಿಯಲ್ಲಿ ಕಂಡುಬಂದಿದ್ದು, ಇದು ನೋಟದ ಅನಧಿಕೃತ ಮಾರ್ಪಾಡು ಆಗಿರುತ್ತದೆ. ಏಳು ದಿನದೊಳಗೆ ಸರಿಪಡಿಸದಿದ್ದಲ್ಲಿ ಗೋಡೆಯನ್ನು ಕರ್ತವ್ಯಕ್ಕೆ ಮರಳಿ ಹಾಜರುಪಡಿಸಲಾಗುವುದು.

ಆಕೆ ನೋಟೀಸನ್ನು ಕಿಟಕಿಯ ಬೆಳಕಿನಲ್ಲಿ ಹಿಡಿದು ಪೂರ್ತಿ ಓದಿದರು. ಓದಿ, ಮಡಿಸಿ, ಗಂಡನ ಕೈಗೆ ಕೊಟ್ಟು, "ಇರಲಿ ಬಿಡಿ. ಒಂಬತ್ತು ದಿನ ನೋಡಿದೆನಲ್ಲ," ಎಂದಷ್ಟೇ ಹೇಳಿ ಪಾತ್ರೆ ತೊಳೆಯತೊಡಗಿದರು. ಟೈಂಕೀಪರು ನೋಟೀಸನ್ನೂ ಅನುಮತಿ ಪತ್ರವನ್ನೂ ಜೇಬಿಗಿಟ್ಟುಕೊಂಡರು. ಚಪ್ಪಲಿ ಮೆಟ್ಟಿಕೊಂಡು ಸೀದಾ ಹಿಂದಿನ ಮನೆಗೆ ನಡೆದರು.

ಯಾರ ಕೆನ್ನೆಯ ಬಗ್ಗೆಯೂ ಅವರು ಈ ಮೊದಲು ಕೋರಿಕೆ ಸಲ್ಲಿಸಿದವರಲ್ಲ. ಮಾತು ಹವೆಯಿಂದ ಶುರುವಾಗಿ, ಮಂಡಿನೋವಿಗೆ ಬಂದು, ಬಹಳ ಹೊತ್ತಿನ ಮೇಲೆ ನೊರೆಗೆ ತಲುಪಿತು. ಅಂಚೆಯಣ್ಣ ಅನುಮತಿ ಪತ್ರವನ್ನು ಕೇಳಿ ತೆಗೆದುಕೊಂಡು, ಎರಡು ಸಲ ಓದಿದರು.

"ನಲವತ್ತು ವರ್ಷ ಊರವರ ಕಾಗದವನ್ನೆಲ್ಲ ಹಂಚಿದೆ ಟೈಂಕೀಪರೇ," ಎಂದರು. "ಸರ್ಕಾರದ ಕಾಗದದಲ್ಲಿ ನಾನು ಬಂದದ್ದು ಇದೇ ಮೊದಲು. ವಾರಕ್ಕೆ ಎರಡು ಗಂಟೆ ತಾನೆ, ಕೂತ್ಕೋತೀನಿ ಬಿಡಿ."

ಹಾಗೆ ಅಂಚೆಯಣ್ಣ ಮಂಗಳವಾರ ಶುಕ್ರವಾರ ಅರ್ಧ ಮುಖ ಬೋಳಿಸಿಕೊಂಡು ಸ್ಟೂಲಿನ ಮೇಲೆ ಕೂರತೊಡಗಿದರು. ನೊರೆ ಒಣಗಿದರೆ ಟೈಂಕೀಪರ ಹೆಂಡತಿ ಕಿಟಕಿಯಿಂದಲೇ ಎಚ್ಚರಿಸುತ್ತಿದ್ದರು. ಹನ್ನೊಂದಕ್ಕೆ ಕಿಟಕಿಯಿಂದಲೇ ಒಂದು ಲೋಟ ಚಹಾ ಹೋಗುತ್ತಿತ್ತು, ಸಕ್ಕರೆ ಹಾಕಿದ್ದು. ಪರಿವೀಕ್ಷಕರು ಬಂದು, ಪಟ್ಟಿಗೆ ತಾಳೆ ನೋಡಿ, ನೋಟ ತೃಪ್ತಿಕರವೆಂದು ಬರೆದು ಹೋಗುತ್ತಿದ್ದರು.

ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಒಮ್ಮೆ ಮಂಜೂರಾದ ನೋಟಕ್ಕೆ ಮತ್ತೆ ಪರಿಶೀಲನೆ ಬೇಡವೆಂದು ನಿಯಮದಲ್ಲಿ ಬರೆದಿತ್ತು. ಕಿಟಕಿ ಬೇಕಾದವರೆಲ್ಲ ಒಂಬತ್ತನೇ ಕಲಮಿನಲ್ಲಿ 'ಟೈಂಕೀಪರವರ ಮನೆಯಲ್ಲಿದ್ದಂತೆ' ಎಂದು ಬರೆದರೆ ಮೂರೇ ದಿನದಲ್ಲಿ ಅನುಮತಿ ಕೈಗೆ ಬರುತ್ತಿತ್ತು. ಆ ನೋಟವನ್ನು ಮಾತ್ರ ಅವರವರೇ ಒದಗಿಸಿಕೊಳ್ಳಬೇಕಿತ್ತು. ನಗರಸಭೆಯವರು ಅಂಚೆಯಣ್ಣನವರನ್ನು 'ಮಾದರಿ ನೋಟ ಸಂಖ್ಯೆ ಒಂದು' ಎಂದು ಘೋಷಿಸಿ ಅಭಿಯಾನದ ಫಲಕಗಳಲ್ಲಿ ಅವರ ಚಿತ್ರ ಹಾಕಿಸಿದರು. ಪರಿವೀಕ್ಷಕರ ಭಾಮೈದ ಗೋಡೆಕಾಗದ ಬಿಟ್ಟು, ಸ್ಟೂಲು, ಟವೆಲು, ಕನ್ನಡಿ ಮತ್ತು ಒಂದು ಗಂಟೆಯವರೆಗೂ ಒಣಗದ ನೊರೆ ಸೇರಿಸಿದ 'ಸಂಪೂರ್ಣ ನೋಟ' ಎಂಬ ಪೆಟ್ಟಿಗೆ ಮಾರತೊಡಗಿದ. ಪ್ಲಾಸ್ಟಿಕ್ಕಿನ ಪೇರಲ ಗಿಡಕ್ಕೆ ಮುಂಗಡ ಹೇಳಿಡಬೇಕಿತ್ತು. ಭಾಮೈದನ ಪೆಟ್ಟಿಗೆಯಲ್ಲದ ಟವೆಲು ಹೊದ್ದವರ ನೋಟದಲ್ಲಿ ಚೌಕುಳಿಯ ಅಳತೆ ಸರಿಯಿಲ್ಲವೆಂದು ಪರಿವೀಕ್ಷಕರು ಕಂಡುಹಿಡಿಯುತ್ತಿದ್ದರು. ಮೂರು ತಿಂಗಳಲ್ಲಿ, ಮಂಗಳವಾರ ಹತ್ತು ಗಂಟೆಗೆ ಯಾವ ಹಿತ್ತಲಲ್ಲಿ ಇಣುಕಿದರೂ ಅರ್ಧ ಮುಖದ ಗಂಡಸರು ಸುಮ್ಮನೆ ಕೂತಿರುವುದು ಕಾಣುತ್ತಿತ್ತು. ಬ್ಯಾಂಕು, ಶಾಲೆ ಆ ದಿನಗಳಲ್ಲಿ ಹನ್ನೊಂದೂವರೆಗೆ ತೆರೆಯತೊಡಗಿದವು. ಯಾರೂ ದೂರಲಿಲ್ಲ. ಎಲ್ಲರ ಮನೆಗೂ ಬೆಳಕು ಬಂದಿತ್ತು.

ಅಷ್ಟರಲ್ಲಿ ಪರ ಊರಿನಲ್ಲಿದ್ದ ಅಂಚೆಯಣ್ಣನ ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಮೊಮ್ಮಗಳನ್ನು ನೋಡಿ ಬರಲು ಒಂದು ವಾರ ಬಿಡುವು ಬೇಕೆಂದು ಅವರು ಅರ್ಜಿ ಕೊಟ್ಟರು. ಮಾದರಿ ನೋಟಕ್ಕೆ ರಜೆಯ ಸೌಲಭ್ಯವಿಲ್ಲವೆಂದು ಹೊರನೋಟ ಶಾಖೆ ತಿರಸ್ಕರಿಸಿತು. ಬದಲಿ ನೋಟ ಒದಗಿಸಿದರೆ ಹೋಗಬಹುದೆಂದು ಒಳನೋಟ ಶಾಖೆ ಮಧ್ಯಾಹ್ನ ಉದಾರತೆ ತೋರಿತು. ಬದಲಿಯು ಅದೇ ವಯಸ್ಸಿನ ಪುರುಷನಾಗಿರಬೇಕು, ಮೀಸೆ ಇರಕೂಡದು.

ಟೈಂಕೀಪರಿಗೆ ಇಪ್ಪತ್ತೆರಡನೇ ವಯಸ್ಸಿನಿಂದ ಮೀಸೆಯಿತ್ತು. ಡಿಪೋದಲ್ಲಿ ಡ್ರೈವರುಗಳು ಹೆದರುತ್ತಿದ್ದುದು ಅವರಿಗಲ್ಲ, ಆ ಮೀಸೆಗೆ. ಸೋಮವಾರ ಸಂಜೆ ಅವರು ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ ಅದನ್ನು ತೆಗೆದು ಬಂದರು. ಅಂಚೆಯಣ್ಣ ರೈಲು ಹತ್ತಿದರು.

ಮಂಗಳವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಟೈಂಕೀಪರು ಬಲಗೆನ್ನೆ ಬೋಳಿಸಿ, ಎಡಗೆನ್ನೆಗೆ ನೊರೆ ಹಚ್ಚಿ, ಟವೆಲು ಹೊದ್ದು ಪೇರಲ ಮರದ ಕೆಳಗೆ ಕೂತರು. ಎದುರಿಗೆ ಅವರದೇ ಮನೆಯ ಕಿಟಕಿ. ಒಳಗೆ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದರು. ಅಡುಗೆಮನೆಯಲ್ಲಿ ಆಕೆಯನ್ನು ಬೆನ್ನ ಕಡೆಯಿಂದ, ಮಬ್ಬಿನಲ್ಲಿ ಮಾತ್ರ ನೋಡಿದ್ದ ಅವರಿಗೆ ಬೆಳಗಿನ ಬೆಳಕಿನಲ್ಲಿ, ಮುಖಾಮುಖಿ, ಒಂದು ಗಂಟೆ ಬೇರೇನೂ ಕೆಲಸವಿಲ್ಲದೆ ನೋಡುವ ಪ್ರಸಂಗ ಈವರೆಗೆ ಬಂದಿರಲಿಲ್ಲ.

"ನಿನ್ನ ಗಲ್ಲದ ಮೇಲೆ ಆ ಮಚ್ಚೆ ಯಾವಾಗಿಂದ ಇದೆ?" ಎಂದು ಕೇಳಿದರು.

"ಹುಟ್ಟಿದಾಗಿಂದ," ಎಂದರು ಆಕೆ. ಸ್ವಲ್ಪ ಹೊತ್ತು ಹೆಚ್ಚಿ, ತಲೆಯೆತ್ತಿ, "ಮೀಸೆ ಇಲ್ಲದೆ ನೀವು ಥೇಟ್ ನಿಮ್ಮಮ್ಮನ ಹಾಗೇ ಕಾಣ್ತೀರಿ," ಎಂದರು. ಟೈಂಕೀಪರು ಅಲ್ಲಾಡದೆ ನಕ್ಕರು. ನೊರೆ ಕದಡಬಾರದಲ್ಲ.

ಪರಿವೀಕ್ಷಕರು ಬಂದು ಎಲ್ಲವನ್ನೂ ತಾಳೆ ನೋಡಿದರು. ಹೊರಡುವವರು ಏನೋ ಹೊಳೆದು ನಿಂತರು.

"ನೀವು ಇಲ್ಲಿ ಕೂತರೆ ನಿಮಗೇನು ಕಾಣುತ್ತೆ?"

"ನಮ್ಮ ಮನೆಯವಳು," ಎಂದರು ಟೈಂಕೀಪರು.

ಪರಿವೀಕ್ಷಕರು ಅವರ ಪಕ್ಕದಲ್ಲಿ ಬಗ್ಗಿ ಕಿಟಕಿಯತ್ತ ನೋಡಿದರು. ಇಷ್ಟು ದಿನ ಇದು ಇಲಾಖೆಯ ಗಮನಕ್ಕೆ ಬಂದಿರಲಿಲ್ಲ. ನೋಟದಿಂದ ಕಾಣುವ ನೋಟಕ್ಕೂ ಪ್ರತ್ಯೇಕ ಅನುಮತಿ ಬೇಕು, ನಮೂನೆ ಹದಿನೈದು ಎಂದು ವಿವರಿಸಿದರು. ಟೈಂಕೀಪರು ಟವೆಲಿಗೆ ಕೈ ಒರೆಸಿಕೊಂಡು ಅಲ್ಲೇ ಸಹಿ ಮಾಡಿದರು.

ಹದಿನೈದು ದಿನದಲ್ಲಿ ಆದೇಶ ಬಂತು. ಮಂಜೂರಾದ ಪ್ರತಿನೋಟ: ಕಿಟಕಿಯೊಳಗೆ ವಯಸ್ಕ ಮಹಿಳೆ ಒಬ್ಬರು, ಗಲ್ಲದ ಮೇಲೆ ಮಚ್ಚೆ ಒಂದು, ಈರುಳ್ಳಿ ಹೆಚ್ಚುತ್ತಿರುವ ಸ್ಥಿತಿಯಲ್ಲಿ. ಇದನ್ನು ಕಾಯ್ದುಕೊಳ್ಳತಕ್ಕದ್ದು. ಟೈಂಕೀಪರು ಆದೇಶವನ್ನು ಗಟ್ಟಿಯಾಗಿ ಓದಿ ಹೇಳಿದರು. ಕೇಳಿ ಆಕೆಗೆ ಬೇಸರವೇನೂ ಆಗಲಿಲ್ಲ. ಮೂವತ್ತೊಂದು ವರ್ಷ ಯಾರ ಅನುಮತಿಯೂ ಇಲ್ಲದೆ ಮಾಡಿಕೊಂಡು ಬಂದದ್ದು ಇನ್ನು ಮುಂದೆ ಸಕ್ರಮವಾಯಿತಲ್ಲ ಎಂದು, ಕಾಗದಕ್ಕೆ ಎಣ್ಣೆ ತಾಗದಂತೆ ಮೇಲಿನ ಗೂಡಿನಲ್ಲಿಟ್ಟು, ಇನ್ನೊಂದು ಈರುಳ್ಳಿ ತೆಗೆದುಕೊಂಡರು.