ಮುಧೋಳದ ನಾಯಿಗೆ ರೋಮಿನ ಭಾಷೆ

ಕೃಷ್ಣೆಗೂ ಘಟಪ್ರಭೆಗೂ ನಡುವೆ ಇರುವ ಅಷ್ಟೂ ಕಳ್ಳರಲ್ಲಿ ಒಬ್ಬನಿಗೂ ಬಾರದ ಭಾಷೆಯೊಂದನ್ನು ತಾವು ಕಲಿಯುವುದಾಗಿಯೂ, ಕಲಿತು ಅದನ್ನು ತಮ್ಮ ನಾಯಿಗೆ ಕಲಿಸುವುದಾಗಿಯೂ ಮುಧೋಳದ ಬಸಗೊಂಡಪ್ಪ ವಕೀಲರು ಘೋಷಿಸಿದಾಗ ಅವರ ಕೈಯಲ್ಲಿ ಅರ್ಧ ರೊಟ್ಟಿ ಇತ್ತು. ಇನ್ನರ್ಧ ಬಿಜಲಿಯ ಬಾಯಲ್ಲಿತ್ತು.

ಘೋಷಣೆಗೆ ಕಾರಣವಿತ್ತು. ಹಿಂದಿನ ಓಣಿಯ ಬೇಟೆನಾಯಿಯೊಂದು ಆ ವಾರ ಕಳುವಾಗಿತ್ತು. ಕಳ್ಳ ಬಾಗಿಲು ಮುರಿದಿರಲಿಲ್ಲ, ಗೋಡೆ ಹಾರಿರಲಿಲ್ಲ. ಬೀದಿಯಲ್ಲಿ ನಿಂತು "ಬಾ ಬಾ" ಎಂದಿದ್ದ. ನಾಯಿ ಬಂದಿತ್ತು. "ಹತ್ತು" ಎಂದಿದ್ದ. ಜೀಪು ಹತ್ತಿತ್ತು. ಬಿಜಲಿ ಅದೇ ತಳಿಯದು: ಬಿಲ್ಲಿನಂಥ ಬೆನ್ನು, ಕಡ್ಡಿಯಂಥ ಕಾಲು, ರಾಜಮನೆತನದ ಮೂಗು. ವಕೀಲರಿಗೆ ಅಂದಿನಿಂದ ನಿದ್ದೆ ಹತ್ತಿರಲಿಲ್ಲ.

"ಮೂಲದಾಗನ ದೋಷ ಐತಿ!" ಎಂದರು ಅವರು ಹೆಂಡತಿ ಸುಂದರವ್ವನಿಗೆ. "ಕಳ್ಳ ಕನ್ನಡದಾಗ ಕರದ. ನಾಯಿಗೆ ಕನ್ನಡ ತಿಳೀತು. ಹೋತು."

"ಹಂಗಾರ ಇಂಗ್ಲಿಷ್ ಕಲಸ್ರಿ."

"ಈಗಿನ ಕಳ್ಳರು ಕಾನ್ವೆಂಟಿನಾಗ ಓದ್ಯಾರ."

"ಮರಾಠಿ?"

"ಮರಾಠಿ ಈ ಊರಾಗ ಕೋಳಿಗೂ ತಿಳೀತೈತಿ. ಬ್ಯಾಡ. ಲ್ಯಾಟಿನ್!"

"ಅದು ಯಾರ ಭಾಷಾರಿ?"

"ರೋಮಿನವರದು. ಈಗ ಯಾರೂ ಮಾತಾಡೂದಿಲ್ಲ."

"ಯಾರೂ ಮಾತಾಡದ ಭಾಷಾ ನಾಯಿಗ್ಯಾಕ?"

"ಯಾರೂ ಮಾತಾಡೂದಿಲ್ಲಂತನ!"

ಸುಂದರವ್ವ ರೊಟ್ಟಿ ಬಡಿಯಲು ಹೋದಳು. ವಾದದಲ್ಲಿ ಗೆದ್ದೆನೆಂದು ವಕೀಲರು ತಿಳಿದರು.

ವಕೀಲರಿಗೆ ಲ್ಯಾಟಿನ್ ಪೂರ್ತಿ ಅಪರಿಚಿತವೂ ಅಲ್ಲ. ಇಪ್ಪತ್ತು ವರ್ಷಗಳಿಂದ ಕೋರ್ಟಿನಲ್ಲಿ 'ಪ್ರೈಮಾ ಫೇಸಿ', 'ಎಕ್ಸ್ ಪಾರ್ಟಿ' ಎಂದು ಊಟದ ನಡುವೆ ಉಪ್ಪಿನಕಾಯಿ ನೆಕ್ಕಿದಂತೆ ಬಳಸುತ್ತ ಬಂದವರು. ಕಕ್ಷಿದಾರರಿಗೆ ಅದು ತಿಳಿಯುತ್ತಿರಲಿಲ್ಲ. ಆದ್ದರಿಂದಲೇ ಅವರಿಗೆ ವಕೀಲರ ಮೇಲೆ ನಂಬಿಕೆ. ಆದರೆ ನಾಯಿಗೆ ಅರ್ಧಂಬರ್ಧ ಕಲಿಸುವುದು ವಕೀಲರ ಜಾಯಮಾನವಲ್ಲ. ನಾಲ್ಕು ಶಬ್ದ ಸಾಕಾಗಿದ್ದಲ್ಲಿ ಅವರು ನಾಲ್ಕೂ ವರ್ಗದ ಕ್ರಿಯಾಪದಗಳನ್ನು ಕಲಿಯಲು ಹೊರಟರು. ಬೆಳಗಾವಿಯ ಹಳೆ ಪುಸ್ತಕದ ಅಂಗಡಿಯಿಂದ ರಟ್ಟು ಹರಿದ ಲ್ಯಾಟಿನ್ ವ್ಯಾಕರಣವೊಂದು ಬಂದಿತು.

ಮೊದಲ ವಾರ ಆನಂದವೋ ಆನಂದ! ಈ ಭಾಷೆಯಲ್ಲೂ ವಿಭಕ್ತಿಗಳಿದ್ದವು. ಪ್ರಥಮಾ, ದ್ವಿತೀಯಾ ಎಂದು ಸಾಲಿಯಲ್ಲಿ ಮಾಸ್ತರರ ಬೆತ್ತದಡಿ ಕಲಿತದ್ದು ಕಡೆಗೂ ಉಪಯೋಗಕ್ಕೆ ಬಂದಿತ್ತು. ಕ್ರಿಯಾಪದವೂ ಕನ್ನಡದಂತೆ ವಾಕ್ಯದ ಕೊನೆಗೆ ಬಂದು ಕೂರುತ್ತಿತ್ತು. "ನಮ್ಮವರ ಅದಾರ!" ಎಂದು ವಕೀಲರು ರೋಮನ್ನರನ್ನು ಬಂಧುಗಳಂತೆ ಒಪ್ಪಿಕೊಂಡರು. ಮುಂಜಾನೆ ಜಳಕ ಮಾಡಿ, ವಿಭೂತಿ ಹಚ್ಚಿ, ಅಂಗಳದಲ್ಲಿ ಶತಪಥ ತಿರುಗುತ್ತ ಪಾಠ ಒಪ್ಪಿಸತೊಡಗಿದರು.

"ಆಗ್ರಿಕೋಲಾ ಪುವೆಲ್ಲಾಮ್ ಆಮಾತ್! ಆಗ್ರಿಕೋಲಾ ಪುವೆಲ್ಲಾಮ್ ಆಮಾತ್!"

"ಅಂದ್ರೇನ್ರಿ?" ಎಂದಳು ಸುಂದರವ್ವ, ಅಂಗಳಕ್ಕೆ ನೀರು ಹೊಡೆಯುತ್ತ.

"ರೈತ ಹುಡುಗಿಯನ್ನು ಪ್ರೀತಿಸುತ್ತಾನೆ."

ಒಳಗೆ ಮಗಳು ಐಶ್ವರ್ಯಾಳ ಕೈಯಿಂದ ಚಹಾದ ಬಸಿ ಜಾರಿ ಬಿತ್ತು.

"ಯಾವ ರೈತರಿ? ಯಾರ ಹುಡುಗಿ?" ಸುಂದರವ್ವ ಕೊಡ ಕೆಳಗಿಟ್ಟಳು. "ಮಗಳಿಗೆ ವರಾ ನೋಡೋ ಮನ್ಯಾಗ ಮುಂಜಮುಂಜಾನೆ ಓಣಿಗೆಲ್ಲಾ ಕೇಳೂಹಂಗ ಇದೇನ ಒದರ್ತೀರಿ?"

"ಇದು ಉದಾಹರಣೆ ಬೇ! ದ್ವಿತೀಯಾ ವಿಭಕ್ತಿ!"

"ಆ ವಿಭಕ್ತಿ ಹಿತ್ತಲದಾಗ ಮಾಡ್ರಿ."

ಬಸಿ ಬಿದ್ದದ್ದಕ್ಕೂ ಕಾರಣವಿತ್ತು. ಸಾವಳಗಿಯ ಗೌರೀಶ ಐಶ್ವರ್ಯಾಳ ಜೊತೆಗೇ ಜಮಖಂಡಿಯಲ್ಲಿ ಬಿ.ಎಸ್ಸಿ. ಓದಿದವನು, ಈಗ ಸಕ್ಕರೆ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್, ಮನೆಯವರು ರೈತರು. ಆ ಮನೆಯಿಂದಲೇ ಸಂಬಂಧ ಕೇಳಿ ಬಂದಿತ್ತು. ಹುಡುಗಿಯ ಮನಸ್ಸು ತಾಯಿಗೆ ಗೊತ್ತಿತ್ತು, ತಂದೆಗೂ ಗೊತ್ತಾಗದೆ ಇರಲಿಲ್ಲ. ಆದರೆ ಆ ಮನೆಯಲ್ಲಿ ಹೂಂ ಎನ್ನಬೇಕಾದವರು ಹುಡುಗನೂ ಅಲ್ಲ, ಅವನ ಅಪ್ಪ ಗಿರಿಮಲ್ಲಪ್ಪನೂ ಅಲ್ಲ. ಗಿರಿಮಲ್ಲಪ್ಪನ ಅಕ್ಕ ಅನ್ನವ್ವನವರು. ಚಹಾ ಕಪ್ಪಿನ ಕಿವಿ ಮುರಿದಿದೆಯೆಂದು ಒಂದು ಮನೆ, ಹೊಸ್ತಿಲು ಅಲುಗುತ್ತದೆಯೆಂದು ಇನ್ನೊಂದು ಮನೆ ಬಿಟ್ಟು ಎದ್ದು ಬಂದ ಕೀರ್ತಿ ಅವರದು.

ಇತ್ತ ಬಿಜಲಿಯ ಶಿಕ್ಷಣ ಸಾಗಿತ್ತು. 'ಸೇದೆ' ಎಂದರೆ ಕೂರಬೇಕು. 'ವೇನಿ' ಎಂದರೆ ಬರಬೇಕು. 'ಮಾನೆ' ಎಂದರೆ ಇದ್ದಲ್ಲೇ ಇರಬೇಕು. ಎಲ್ಲಕ್ಕಿಂತ ಮುಖ್ಯವಾದ ವಿದ್ಯೆಗೆ ಆಜ್ಞೆಯೇ ಬೇಡ: ಒಳಗೆ ಬರುವವರನ್ನು ತಡೆಯಬಾರದು, ಆದರೆ ಮನೆಯ ವಸ್ತು ಹಿಡಿದು ಹೊರಗೆ ಹೋಗುವವರ ಬಟ್ಟೆ ಹಲ್ಲಲ್ಲಿ ಕಚ್ಚಿ ಹಿಡಿಯಬೇಕು, ಮೈಗೆ ಗಾಯ ಮಾಡಬಾರದು. ವಸ್ತು ಕೆಳಗಿಟ್ಟರೆ ಸರಿ. ಇಲ್ಲವೇ ಯಜಮಾನರು 'ಬಿಡು' ಎನ್ನುವ ಅರ್ಥದ ಲ್ಯಾಟಿನ್ ಶಬ್ದ ನುಡಿಯುವ ತನಕ ಬಿಡಬಾರದು.

ಅಭ್ಯಾಸಕ್ಕೆ ಕಳ್ಳನಾಗಿ ಒದಗಿದವನು ಗುಮಾಸ್ತ ಶಿದ್ರಾಮಪ್ಪ. ಹಿತ್ತಾಳೆ ತಂಬಿಗೆ ಹಿಡಿದು ಬಾಗಿಲ ಕಡೆ ಓಡುವುದು ಅವನ ಕೆಲಸ. ಬಿಜಲಿಯ ಹಲ್ಲು ಧೋತರಕ್ಕೆ ತಾಕಿತೋ ಇಲ್ಲವೋ, ಅವನು ತಂಬಿಗೆ ಎಸೆದು "ಇಟ್ಟೇನ್ರಿ! ಇಟ್ಟೇನ್ರಿ!" ಎನ್ನುತ್ತಿದ್ದ. ಹಾಗಾಗಿ ಆ ಕೊನೆಯ ಶಬ್ದವನ್ನು ಬಳಸುವ ಪ್ರಸಂಗವೇ ಬರಲಿಲ್ಲ. ಎರಡು ಧೋತರ ಹರಿದ ಮೇಲೆ ಶಿದ್ರಾಮಪ್ಪ ಮನೆಯೊಳಗೆ ಕಾಲಿಡುವುದನ್ನೇ ಬಿಟ್ಟ. ಕೇಸಿನ ಕಡತಗಳು ಕಿಟಕಿಯಿಂದ ಅವನ ಕೈಗೆ ಹೋಗತೊಡಗಿದವು. ವಕೀಲರು ಎಂದಿನಂತೆ ಕೈ ಬೀಸಿಕೊಂಡು ಕೋರ್ಟಿಗೆ ನಡೆದರು.

ಸಾವಳಗಿಯವರು ಬರುವ ಐತವಾರ ಬಂದಿತು.

"ನಾಯಿ ಹಿತ್ತಲದಾಗ ಕಟ್ರಿ," ಎಂದಳು ಸುಂದರವ್ವ.

"ನೋಡ್ಲಿ. ನಮ್ಮನಿ ಶಿಸ್ತು ಹೆಂಗೈತಿ ಅಂತ ಬೀಗರೂ ನೋಡ್ಲಿ."

"ಇನ್ನಾ ಬೀಗರಾಗಿಲ್ಲ ಅವರು. ಆಗಬೇಕಂದ್ರ ಕಟ್ರಿ."

ವಕೀಲರು ಕಟ್ಟಲಿಲ್ಲ.

ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದರಿಂದ ಗಿರಿಮಲ್ಲಪ್ಪನ ಜೀಪು ತಡವಾಗಿ ಬಂದಿತು. ಗೌರೀಶನಿಗೆ ಕಾರ್ಖಾನೆಯಲ್ಲಿ ಪಾಳಿ ಇತ್ತು; ಗಿರಿಮಲ್ಲಪ್ಪ, ಅನ್ನವ್ವನವರು ಇಬ್ಬರೇ ಇಳಿದರು. ಆದರೂ ಆರಂಭ ಅದ್ಭುತವಾಗಿತ್ತು. "ಸೇದೆ!" ಎಂದರು ವಕೀಲರು. ಬಿಜಲಿ ಕಲ್ಲಿನ ಬಸವಣ್ಣನಂತೆ ಕುಳಿತಿತು. ಗಿರಿಮಲ್ಲಪ್ಪ ಬೆರಗಾದ. ಅನ್ನವ್ವನವರು ಮಾತ್ರ ಕನ್ನಡಕದ ಮೇಲಿಂದ ನೋಡಿದರು.

"ಈ ನಾಯಿಗೆ ಕನ್ನಡ ಬರೂದಿಲ್ಲೇನ್ರಿ ವಕೀಲರ?"

"ಒಂದು ಅಕ್ಷರಾ ಬರೂದಿಲ್ರಿ!" ಎಂದರು ವಕೀಲರು ಎದೆಯುಬ್ಬಿಸಿ. ಅಡುಗೆಮನೆಯ ಬಾಗಿಲಲ್ಲಿ ತಾಯಿ, ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋಳಿಗೆ ಹೆಚ್ಚು ಕಡಿಮೆಯಾಗಿರಬೇಕು ಎಂದುಕೊಂಡರು ವಕೀಲರು.

ಹೋಳಿಗೆಯಲ್ಲಿ ಹುಳುಕಿರಲಿಲ್ಲ. ಕಪ್ಪುಗಳಿಗೆ ಕಿವಿಗಳಿದ್ದವು. ಅನ್ನವ್ವನವರು ಹೊಸ್ತಿಲನ್ನು ಕಾಲಿನಿಂದ ಒತ್ತಿ ನೋಡಿದರು, ಅಲುಗಲಿಲ್ಲ. ಹುಡುಗಿಯನ್ನು ನೋಡಿದರು. ವಕೀಲರ ಅಂಗಿ ಬೆನ್ನಿಗೆ ಅಂಟಿತ್ತು.

"ನಾಕೂವರಿಗೆ ರಾಹುಕಾಲ," ಎಂದು ಅನ್ನವ್ವನವರು ಎದ್ದರು. "ಅಷ್ಟರಾಗ ಹೊಸ್ತಿಲಾ ದಾಟಬೇಕು. ಏನಂಬೂದನ್ನ ಜೀಪು ಹತ್ತೂಮುಂದ ಹೇಳ್ತೀನಿ."

ಮನೆಗೆ ಬಂದ ಮುತ್ತೈದೆಯನ್ನು ಉಡಿ ತುಂಬದೆ ಕಳಿಸುವುದುಂಟೇ? ಸುಂದರವ್ವ ಅನ್ನವ್ವನವರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಗುಳೇದಗುಡ್ಡದ ಖಣ ಎಲ್ಲ ತುಂಬಿದಳು. ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅನ್ನವ್ವನವರು ಗಂಭೀರವಾಗಿ ಬಾಗಿಲ ಕಡೆ ನಡೆದರು.

ಬಿಜಲಿ ನೋಡಿತು. ಅಕ್ಕಿ ಮನೆಯದು. ಕೊಬ್ಬರಿ ಮನೆಯದು. ಹೆಂಗಸು ಮನೆಯವಳಲ್ಲ!

ಮರುಕ್ಷಣ ಅನ್ನವ್ವನವರ ಇಳಕಲ್ ಸೀರೆಯ ಅಂಚು ಅದರ ಹಲ್ಲಿನಲ್ಲಿತ್ತು.

"ಅಯ್ಯ ಶಿವನ!" ಎಂದರು ಅನ್ನವ್ವನವರು.

"ಹೆದರಬ್ಯಾಡ್ರಿ, ಕಡಿಯೂದಿಲ್ಲ!" ಎಂದು ವಕೀಲರು ನಗುತ್ತ ಮುಂದೆ ಬಂದರು. "ಒಂದ ಶಬ್ದ. ಅಂದ ಕೂಡಲೇ ಬಿಡ್ತೈತಿ." ಬಾಯಿ ತೆರೆದರು. ಬಾಯಿ ತೆರೆದೇ ಇತ್ತು. ಶಬ್ದ ಬರಲಿಲ್ಲ.

ಇಡೀ ರೋಮ್ ಸಾಮ್ರಾಜ್ಯ ತಲೆಯೊಳಗೆ ಬಂದು ನೆರೆದಿತ್ತು, ಆ ಒಂದು ಶಬ್ದದ ಹೊರತಾಗಿ! ಷಷ್ಠೀ ವಿಭಕ್ತಿ ಬಂದಿತು, ಬಹುವಚನ ಬಂದಿತು, ರೈತ ಬಂದ, ಹುಡುಗಿ ಬಂದಳು. ಬೇಕಾದದ್ದು ಬರಲಿಲ್ಲ.

"ಸೇದೆ!" ಎಂದರು ಗಾಬರಿಯಲ್ಲಿ. ಬಿಜಲಿ ಸೀರೆ ಬಿಡದೆ ಕುಳಿತಿತು. ಅಂಚಿನೊಂದಿಗೆ ಅನ್ನವ್ವನವರೂ ಅರ್ಧ ಕುಳಿತರು.

"ಅಲ್ಲ ಅಲ್ಲ! ವೇನಿ!" ಬಿಜಲಿ ಎದ್ದು ಯಜಮಾನರತ್ತ ಬಂದಿತು. ಹೊಸ್ತಿಲ ತನಕ ಹೋಗಿದ್ದ ಅನ್ನವ್ವನವರು ಹಿಂದು ಹಿಂದಾಗಿ ಪಡಸಾಲೆಗೆ ಮರಳಿದರು.

"ಹೊಂಟಾಕಿನ್ನ ಹಿಂದಕ್ಕ ಎಳದ್ರಿ!" ಅವರ ದನಿ ಏರಿತು. "ಇದು ಛಲೋ ಆತೇನು?"

"ಮಾನೆ!" ಬಿಜಲಿ ಕಂಬವಾಯಿತು.

"ಅಕ್ಕಾ," ಎಂದ ಗಿರಿಮಲ್ಲಪ್ಪ, "ಆ ಉಡಿ ಒಂದ ಗಳಿಗಿ ಕೆಳಗಿಟ್ರ..."

"ತುಂಬಿದ ಉಡಿ ಇಳಸ್ಲೇನೋ? ಗಂಡನ ಮನಿ, ತವರಮನಿ ಎರಡೂ ಉಳೀಬೇಕೋ ಬ್ಯಾಡೋ?"

ಕಳ್ಳನಾದರೆ ವಸ್ತು ಕೆಳಗಿಡುತ್ತಾನೆ. ಮುತ್ತೈದೆ ಇಡಲಾರಳು. ಇಡದೆ ನಾಯಿ ಬಿಡದು. ಈ ಸಂದರ್ಭವನ್ನು ವಕೀಲರು ಊಹಿಸಿಯೇ ಇರಲಿಲ್ಲ. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆದು ಬಹಳ ಹೊತ್ತಾಗಿತ್ತು.

"ಪುಸ್ತಕ ಎಲ್ಲೈತಿ?" ಎಂದು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದರು.

"ಮನಿ ಚೊಕ್ಕ ಕಾಣ್ಲಿ ಅಂತ ಅಟ್ಟದ ಮ್ಯಾಲ ಟ್ರಂಕಿನಾಗ ಹಾಕೇನಿ."

"ಕೀಲಿ?"

"ನೀವ ಆಫೀಸಿನ ಕೀಲಿ ಗೊಂಚಲದ ಜೋಡಿ ಶಿದ್ರಾಮಪ್ಪನ ಕಡೆ ಕೊಟ್ಟೀರಿ."

ವಕೀಲರು ಕಣ್ಣು ಮುಚ್ಚಿದರು. ಮೊದಲಿನಿಂದ ಹೇಳುತ್ತ ಹೋದರೆ ನಡುವೆಲ್ಲಾದರೂ ಸಿಕ್ಕೀತು ಎಂಬ ಆಸೆ. "ಆಮೋ, ಆಮಾಸ್, ಆಮಾತ್, ಆಮಾಮುಸ್, ಆಮಾತಿಸ್, ಆಮಾಂತ್..." ಪ್ರೀತಿಸುತ್ತೇನೆ, ಪ್ರೀತಿಸುತ್ತೀ, ಪ್ರೀತಿಸುತ್ತಾನೆ!

"ಮಂತ್ರಾ ಹಾಕಾಕತ್ತೀರೇನ್ರಿ?" ಗಿರಿಮಲ್ಲಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ನಾಯಿಗೋ ನನಗೋ?" ಎಂದರು ಅನ್ನವ್ವನವರು. ಉಡಿಯಿಂದ ಒಂದು ಉತ್ತತ್ತಿ ಉರುಳಿತು. ಬಿಜಲಿ ಅದನ್ನು ನೋಡಿತು, ಅನ್ನವ್ವನವರನ್ನು ನೋಡಿತು. ಒಂದರಿಂದ ಸಮಾಧಾನವಾಗುವಂತೆ ಕಾಣಲಿಲ್ಲ.

ಮಗಳ ಬಾಳು ಒಂದು ಕ್ರಿಯಾಪದದ ಹಿಂದೆ ಸಿಕ್ಕಿಕೊಂಡಿತ್ತು. ವಕೀಲರು ಬಾಗಿಲಲ್ಲಿ ನಿಂತ ಐಶ್ವರ್ಯಾಳತ್ತ ನೋಡಿದರು. ಅವಳು ತಾಯಿಯತ್ತ ನೋಡಿದಳು. ತಾಯಿ ಬೇಡವೆಂದು ತಲೆಯಾಡಿಸಿ, ಕಣ್ಣಲ್ಲೇ ಗಂಡನನ್ನು ತೋರಿಸಿದಳು. ಗಡಿಯಾರ ನಾಲ್ಕೂವರೆ ಹೊಡೆಯುವ ಮುನ್ನ ಎಂದಿನಂತೆ ಗೊರಗುಟ್ಟಿತು.

ಐಶ್ವರ್ಯಾ ಹೊರಗೆ ಬಂದಳು. ನೋಡಲು ಬಂದವರ ಮುಂದೆ ಹುಡುಗಿ ತಾನಾಗಿ ಬಂದು ಮಾತಾಡುವ ಪದ್ಧತಿ ಇರಲಿಲ್ಲ. ಅವಳು ಬಿಜಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕುಳಿತು ಅದರ ಕಿವಿಯ ಹಿಂದೆ ಕೈಯಿಟ್ಟಳು.

"ಬಿಡವ್ವಾ ಬಿಜಲಿ. ಹಿರ್ಯಾರು ಅದಾರ."

ಬಿಜಲಿ ಬಿಟ್ಟಿತು. ಬಾಲವನ್ನೂ ಆಡಿಸಿತು.

ಅನ್ನವ್ವನವರು ಆ ವಯಸ್ಸಿಗೆ ಮೀರಿದ ವೇಗದಲ್ಲಿ ಹೊಸ್ತಿಲು ದಾಟಿದರು. ಹಿಂದೆಯೇ ಗಡಿಯಾರ ಒಂದು ಸಲ ಢಣ್ ಎಂದಿತು.

ಪಡಸಾಲೆಯಲ್ಲಿ ವಕೀಲರು ಹೆಂಡತಿಯತ್ತ ತಿರುಗಿದರು. "ಇದಕ್ಕ ಕನ್ನಡ ಬರ್ತೈತಿ?"

"ನೀವು ಕೋರ್ಟಿಗೆ ಹೋದಿಂದ ನಾವು ಮನಿ ಹೆಂಗ ನಡಸೂದ್ರಿ? ಇಸ್ತ್ರಿಯಂವ ಬಟ್ಟಿ ಒಯ್ಯಬೇಕು, ಹಾಲಿನಾಕಿ ಕ್ಯಾನ್ ಒಯ್ಯಬೇಕು. ಕಸಾ ಚೆಲ್ಲಾಕ ಹೋದ್ರ ನನ್ನನ್ನೂ ಹಿಡೀತಿತ್ತು! ಐಶೂನ ಕಲಿಸಿದ್ಲು."

"ಮತ್ತ ನನಗ್ಯಾಕ ಹೇಳಲಿಲ್ಲ?"

ಸುಂದರವ್ವ ಉರುಳಿದ ಉತ್ತತ್ತಿ ಎತ್ತಿಕೊಂಡಳು. "ಲ್ಯಾಟಿನ್ ಹಿಡದಾಗಿಂದ ನೀವು ಮುಂಜಾನೆದ್ದು ನಮಗ ಒದರೂದು ಬಿಟ್ಟಿದ್ರಿ. ಮನಿ ತಣ್ಣಗಿತ್ತು. ಹಂಗ ಇರಲಿ ಅಂದ್ವಿ."

ಅಷ್ಟರಲ್ಲಿ ಹೊರಗಿನಿಂದ ಕರೆ ಬಂದಿತು. ವಕೀಲರು ಅಪರಾಧಿಯಂತೆ ಅಂಗಳಕ್ಕೆ ಹೋದರು. ಅನ್ನವ್ವನವರು ಜೀಪಿನ ಮುಂದಿನ ಸೀಟಿನಲ್ಲಿ ಉಡಿಯೊಂದಿಗೆ ಕುಳಿತಿದ್ದರು. ಸೀರೆಯ ಅಂಚನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಹರದಿಲ್ಲ," ಎಂದರು. "ವಕೀಲರ, ಒಂದ ಮಾತು ಹೇಳ್ತೀನಿ. ಆ ಹುಡುಗಿಗೆ ಮದಲ ಗೊತ್ತಿತ್ತು, ಬಿಡು ಅಂದ್ರ ಬಿಡ್ತೈತಿ ಅಂತ. ಅಪ್ಪನ ಮಾನಾ ಹೋದೀತು ಅಂತ ತಡದ್ಲು. ನನ್ನ ಹೊತ್ತು ಮೀರೂದು ನೋಡಿ ಬಂದ್ಲು. ಎರಡೂ ತೂಗಿ ನೋಡ್ಯಾಳ. ನಮ್ಮನಿಗೆ ಬರ್ಲಿ."

ವಕೀಲರಿಗೆ ಕಣ್ಣು ಮಂಜಾಯಿತು.

"ಆದ್ರ ಒಂದು ಕರಾರು. ಲಗ್ನದಾಗ ನೀವು ಕನ್ನಡದಾಗ ಮಾತಾಡಬೇಕು."

ಜೀಪು ಹೊರಟಿತು. ವಕೀಲರು ಒಳಗೆ ಬಂದು ಉಸಿರು ಬಿಟ್ಟು ನೋಡುತ್ತಾರೆ: ಕುರ್ಚಿಯ ಮೇಲೆ ಅನ್ನವ್ವನವರ ಎಲೆಅಡಿಕೆ ಚೀಲ! ಬೀಗರ ಮೊದಲ ವಸ್ತು! ಚೀಲ ಎತ್ತಿಕೊಂಡು, ಧೋತರ ಎತ್ತಿ ಹಿಡಿದು, "ನಿಲ್ರಿ! ನಿಲ್ರಿ!" ಎನ್ನುತ್ತ ಓಡಿದರು. ಮನೆಯಿಂದ ಕೈಯಲ್ಲಿ ಏನಾದರೂ ಹಿಡಿದು ಅವರು ಹೊರಬಿದ್ದದ್ದು ಅದೇ ಮೊದಲು.

ಹೊಸ್ತಿಲ ಮೇಲೆ ಧೋತರ ಹಿಂದಕ್ಕೆ ಜಗ್ಗಿತು.

ಆ ಕ್ಷಣದಲ್ಲೇ, ಬಿಸಿಲಿನಷ್ಟು ಸ್ಪಷ್ಟವಾಗಿ, ಕಳೆದುಹೋಗಿದ್ದ ಶಬ್ದ ಬಂದು ನಾಲಿಗೆಯ ಮೇಲೆ ಕುಳಿತಿತು.

"ದಿಮಿತ್ತೆ!" ಎಂದು ವಕೀಲರು ವಿಜಯೋತ್ಸಾಹದಿಂದ ಕೂಗಿದರು. "ದಿಮಿತ್ತೆ ಬಿಜಲಿ! ದಿಮಿತ್ತೆ!"

ಆ ಶಬ್ದವನ್ನು ಒಮ್ಮೆಯೂ ಕೇಳಿರದ ಬಿಜಲಿ ಧೋತರವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. ಜೀಪು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಮರೆಯಾಗತೊಡಗಿತ್ತು. ಬಸಗೊಂಡಪ್ಪ ವಕೀಲರು ಹಿಂದೆ ನೋಡಿದರು. ಹೆಂಡತಿ, ಮಗಳು ಇಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ವಕೀಲರು ಬಗ್ಗಿ, ಯಾರಿಗೂ ಕೇಳಿಸಬಾರದೆಂಬಂತೆ, ನಾಯಿಯ ಕಿವಿಯಲ್ಲಿ ಹೇಳಿದರು:

"ಬಿಡವ್ವಾ ತಾಯಿ."